ಬೀಗರ ಜರ್ಮನ್ ಕಾರಿಗೆ ನಾನು ಕೇಳಿದ ಅರ್ಧ ಗಂಟೆ

ಅರಕಲಗೂಡು ತಾಲ್ಲೂಕಿನಲ್ಲಿ ನನ್ನ ಕೈ ಮುಟ್ಟದ ಟ್ರ್ಯಾಕ್ಟರು ಯಾವುದಾದರೂ ಇದ್ದರೆ ಅದು ಇನ್ನೂ ಶೋರೂಮಿನಿಂದ ಹೊರಗೆ ಬಂದಿಲ್ಲ ಎಂದು ತಿಳಿಯಿರಿ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅವತ್ತು ಹಿಡಿದ ಸ್ಪ್ಯಾನರನ್ನು ಇವತ್ತಿನವರೆಗೂ ಕೆಳಗಿಟ್ಟಿಲ್ಲ. ಅದರಲ್ಲೇ ಶೆಡ್ಡು ಕಟ್ಟಿದೆ, ಪಕ್ಕದಲ್ಲೇ ಮನೆ ಕಟ್ಟಿದೆ, ಮಗಳನ್ನು ಬಿ.ಕಾಂ. ಓದಿಸಿದೆ. ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಅದರ ಕಾಯಿಲೆ ಹೇಳುತ್ತೇನೆ. ಇದು ಜಂಬವಲ್ಲ, ಅನುಭವ. ಜಂಬ ಎನ್ನುವವಳು ನನ್ನ ಹೆಂಡತಿ ಸಾವಿತ್ರಿ ಒಬ್ಬಳೇ.

ಇಂಥ ನನ್ನನ್ನು ಒಂದು ಜರ್ಮನ್ ಕಾರು ಒಂದೇ ಹಗಲಿನಲ್ಲಿ ಮಣ್ಣು ಮುಕ್ಕಿಸಿತು. ಕಂಪನಿಯ ಹೆಸರು ಬರೆಯುವುದಿಲ್ಲ. ತಪ್ಪು ಕಾರಿನದಲ್ಲ, ನನ್ನದು.

ಕಾರು ನಮ್ಮ ಬೀಗರದು. ಅಂದರೆ ಅವತ್ತಿಗೆ ಅವರಿನ್ನೂ ಪೂರ್ತಿ ಬೀಗರಾಗಿರಲಿಲ್ಲ. ಹಾಸನದಲ್ಲಿ ಬಿತ್ತನೆ ಆಲೂಗಡ್ಡೆ ವ್ಯಾಪಾರ ಮಾಡುವ ನಂಜೇಗೌಡರು ತಮ್ಮ ಮಗನಿಗೆ ನಮ್ಮ ಪವಿತ್ರಳನ್ನು ಒಪ್ಪಿದ್ದರು. ಮದುವೆಯ ದಿನ ಮಾತ್ರ ಗೊತ್ತಾಗಿರಲಿಲ್ಲ. ಸಿಮೆಂಟು ಹಾಕಿ ಆಗಿದೆ, ಇನ್ನೂ ಗಟ್ಟಿಯಾಗಿಲ್ಲ ಅನ್ನುವಂಥ ಹೊತ್ತು. ಯಾರೂ ಕಾಲಿಡಬಾರದು. ನಾನು ಇಟ್ಟೆ!

ಅವತ್ತು ಬೆಳಿಗ್ಗೆ ಹತ್ತೂವರೆಗೆ ಗೌಡರು ಒಬ್ಬರೇ ಬಂದರು. ಜೋಯಿಸರು ಬರೆದುಕೊಟ್ಟ ಮೂರು ಮುಹೂರ್ತದ ಚೀಟಿ ತಂದಿದ್ದರು. ಅದರಲ್ಲಿ ಒಂದನ್ನು ಇಬ್ಬರೂ ಸೇರಿ ಆರಿಸಬೇಕು, ಅವರು ಸಂಜೆ ಐದರೊಳಗೆ ಹಾಸನಕ್ಕೆ ವಾಪಸು ಹೋಗಿ ಛತ್ರ ಗೊತ್ತುಮಾಡಬೇಕು. ಐದಕ್ಕೆ ಛತ್ರದ ಮ್ಯಾನೇಜರು ಪುಸ್ತಕ ಮುಚ್ಚಿ ಹೊರಡುತ್ತಾನಂತೆ. ಇಷ್ಟೇ ಕೆಲಸ. ಕಾಫಿ ಕುಡಿಯುವಷ್ಟರಲ್ಲಿ ಮುಗಿಯಬೇಕಾದದ್ದು.

ಆದರೆ ಕಾರಿನಿಂದ ಇಳಿದವರೇ ಗೌಡರು, "ಬೀಗ್ರೇ, ದಾರೀಲಿ ಒಂದು ಲೈಟು ಹತ್ಕೊಂಡ್ಬುಡ್ತು ನೋಡಿ" ಅಂದರು.

ನೋಡಿದೆ. ಸ್ಟೀರಿಂಗಿನ ಎದುರು ಹಳದಿ ಬಣ್ಣದ ಒಂದು ಚಿತ್ರ ಉರಿಯುತ್ತಿತ್ತು. ಬಾಯಿ ತೆರೆದ ಮಡಕೆಯಂಥ ಆಕಾರ, ಅದರೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ.

"ಆಯಿಲ್ಲು ಕಣ್ರೀ ಬೀಗ್ರೇ" ಅಂದೆ, ಒಂದು ಕ್ಷಣವೂ ತಡಮಾಡದೆ. "ಮಡಕೆ ಕಾಣ್ತಾ ಇಲ್ವಾ? ಮಡಕೇಲಿ ಆಯಿಲ್ಲು ಕಮ್ಮಿ ಆಗದೆ ಅಂತ ಅರ್ಥ."

ಕಾಫಿ ತಂದಿದ್ದ ಸಾವಿತ್ರಿ ಬಗ್ಗಿ ನೋಡಿ, "ಮಡಕೇಲಿ ನೀರಲ್ವೇನ್ರೀ ಇಡೋದು?" ಅಂದಳು.

"ನೀನು ಒಳಗೋಗು. ಬೀಗ್ರೇ, ಅರ್ಧ ಗಂಟೆ ಕೊಡಿ. ಮಾಡ್ಬುಡ್ತೀನಿ."

ಸಾವಿತ್ರಿ ಒಳಗೆ ಹೋದಳು. ಹೋದವಳೇ ಕೋಳಿ ಸಾರಿಗೆ ಇಟ್ಟಳು. ನನ್ನ ಅರ್ಧ ಗಂಟೆಗಳ ಉದ್ದ ಎಷ್ಟೆಂದು ಅವಳಿಗೆ ಗೊತ್ತು.

ಬಾನೆಟ್ಟು ಎತ್ತಿದೆ. ಇಂಜಿನ್ನೇ ಕಾಣಲಿಲ್ಲ! ಕಪ್ಪು ಪ್ಲಾಸ್ಟಿಕ್ಕಿನ ಹೊದಿಕೆ ತಲೆತುಂಬ ಹೊದ್ದುಕೊಂಡು, ಜ್ವರ ಬಂದ ಮನುಷ್ಯನ ಹಾಗೆ ಮಲಗಿತ್ತು. ಟ್ರ್ಯಾಕ್ಟರಿನಲ್ಲಾದರೆ ಆಯಿಲ್ ನೋಡಲು ಒಂದು ಕಡ್ಡಿ ಇರುತ್ತದೆ. ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದರೆ ಮುಗಿಯಿತು. ಆ ಕಡ್ಡಿ ಇಲ್ಲಿ ಇರಲಿಲ್ಲ. ಎಡಗಡೆ ಹುಡುಕಿದೆ, ಬಲಗಡೆ ಹುಡುಕಿದೆ. ಟಾರ್ಚು ಬಿಟ್ಟು ನೋಡಿದೆ. ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ನುಗ್ಗಿ ನೋಡಿದೆ. ಆಯಿಲ್ ಕಡ್ಡಿ ಇಲ್ಲದ ಇಂಜಿನ್ನನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಗೌಡರು ಹೊಂಗೆ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ಕೂತು, ಕಂಪನಿಯ ಚರಿತ್ರೆ ಶುರು ಮಾಡಿದರು.

"ಈ ಕಂಪನಿ ಮೊದಲು ಕಾರೇ ಮಾಡ್ತಿರ್ಲಿಲ್ಲ ಬೀಗ್ರೇ. ಹೊಲಿಗೆ ಮೆಷೀನು!"

"ಹೌದಾ! ಬೀಗ್ರೇ, ಆಯಿಲ್ ಕಡ್ಡಿ ಎಲ್ಲೈತೆ ಅಂತ ನಿಮಗೇನಾದ್ರೂ..."

"ಆಮೇಲೆ ಸೈಕಲ್ ಮಾಡಿದ್ರು. ಯಜಮಾನನಿಗೂ ತಮ್ಮನಿಗೂ ಆಗ್ಬರ್ಲಿಲ್ಲ. ತಮ್ಮ ಬೇರೆ ಹೋದ."

"ಹೌದಾ! ಹೋದ ಸಲ ಆಯಿಲ್ ಯಾವಾಗ ಹಾಕ್ಸಿದ್ರಿ?"

"ತಮ್ಮ ಹೋದ್ಮೇಲೇ ನೋಡಿ ಇವರು ಮೋಟಾರಿಗೆ ಕೈ ಹಾಕಿದ್ದು."

ಬೇರೆ ಗಿರಾಕಿ ಆಗಿದ್ದರೆ ಸ್ಪ್ಯಾನರ್ ತೋರಿಸಿ ಬಾಯಿ ಮುಚ್ಚಿಸುತ್ತಿದ್ದೆ. ನಾವು ಹೆಣ್ಣು ಕೊಡುವ ಮನೆಯವರಿಗೆ ಸ್ಪ್ಯಾನರ್ ತೋರಿಸಲಾಗುತ್ತದೆಯೇ? ಪ್ರತಿ ಮಾತಿಗೂ ಕಾರಿನ ಕೆಳಗಿನಿಂದ "ಹೌದಾ!" ಅನ್ನುತ್ತಾ ಹೋದೆ. ಹನ್ನೊಂದೂವರೆ ಹೊತ್ತಿಗೆ ನನಗೆ ಜರ್ಮನಿಯ ಆ ಅಣ್ಣತಮ್ಮಂದಿರ ಆಸ್ತಿ ಜಗಳ ಪೂರ್ತಿ ಗೊತ್ತಿತ್ತು. ಕಡ್ಡಿ ಎಲ್ಲಿದೆ ಎಂದು ಗೊತ್ತಿರಲಿಲ್ಲ.

ಗೌಡರಿಗೆ ನನ್ನ ಮೇಲೆ ಕನಿಕರ ಹುಟ್ಟಿತು. "ತಾಳಿ, ಗ್ರೂಪಲ್ಲಿ ಕೇಳ್ತೀನಿ" ಎಂದು ಫೋನು ತೆಗೆದರು. ಜಿಲ್ಲೆಯಲ್ಲಿ ಈ ಕಾರು ಇಟ್ಟುಕೊಂಡವರೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪು ಮಾಡಿಕೊಂಡಿದ್ದಾರಂತೆ. ಲೈಟಿನ ಫೋಟೋ ಹಾಕಿದ್ದೇ ತಡ, ಮಾತಿನ ಮೆಸೇಜುಗಳು ಬಂದು ಬಿದ್ದವು. ಗೌಡರು ಒಂದೊಂದನ್ನೂ ನನಗೆ ಜೋರಾಗಿ ಕೇಳಿಸಿದರು.

ಮೊದಲಿಗೆ ಹೊಳೆನರಸೀಪುರದ ಒಬ್ಬ ಡಾಕ್ಟರು: "ಗೌಡ್ರೇ, ಈ ಕಾರಿನಂಥಾ ಕಾರಿಲ್ಲ. ಒಂದಿನ ತೊಂದ್ರೆ ಕೊಟ್ಟಿಲ್ಲ. ಆ ಲೈಟಾ? ನಂದ್ರಲ್ಲಿ ಒಂದೊರ್ಷದಿಂದ ಉರೀತಾನೇ ಐತೆ. ನಾನು ಅದರ ಮೇಲೊಂದು ಗಣಪತಿ ಸ್ಟಿಕ್ಕರ್ ಅಂಟಿಸ್ಬುಟ್ಟೆ."

ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರು: "ಅಲ್ಲಿ ಇಲ್ಲಿ ಮುಟ್ಟಿಸ್ಬ್ಯಾಡಿ. ಸೀದಾ ಮೈಸೂರಿಗೆ ತಗೊಂಡೋಗಿ. ನಾನು ಒಂದೇ ತಿಂಗ್ಳಲ್ಲಿ ಮೂರು ಸಲ ಓಗಿದ್ದೆ. ಕಾಫಿ ಬಾಳ ಚೆನ್ನಾಗಿ ಕೊಡ್ತಾರೆ."

ಬಾಗೂರಿನವರೊಬ್ಬರು: "ಕಾರು ಅಂದ್ರೆ ಇದೇ ಕಾರು. ನಾನಂತೂ ಮಳೆಗಾಲದಲ್ಲಿ ತೆಗೆಯಲ್ಲ, ಬೇಸಿಗೇಲಿ ತೆಗೆಯಲ್ಲ. ಇಟ್ಕೊಂಡಿದ್ದೀನಿ."

ಎಲ್ಲರದೂ ತೊಂದರೆಯೇ. ಆದರೆ ಒಬ್ಬರೂ ಕಾರನ್ನು ಬೈಯಲಿಲ್ಲ. ಬೈದರೆ ಕೊಂಡುಕೊಂಡವನೇ ದಡ್ಡನಾಗುತ್ತಾನಲ್ಲ! ಆಮೇಲೆ ಡಾಕ್ಟರು ಮತ್ತೊಂದು ಮೆಸೇಜು ಹಾಕಿದರು: "ರಿಪೇರಿ ಮಾಡ್ತಿರೋದು ಯಾರು?"

"ನಮ್ಮ ಬೀಗ್ರೇ" ಎಂದು ಗೌಡರು ಹೆಮ್ಮೆಯಿಂದ ಹೇಳಿದರು. "ಅರಕಲಗೂಡಲ್ಲಿ ಫೇಮಸ್ಸು, ಟ್ರ್ಯಾಕ್ಟರ್ ಮೆಕ್ಯಾನಿಕ್ಕು."

ಅದಕ್ಕೆ ಕೊಬ್ಬರಿ ವ್ಯಾಪಾರಿ ಎರಡು ಕೈ ಮುಗಿದಿರುವ ಚಿತ್ರ ಕಳಿಸಿದರು.

ಅದು ನನ್ನ ಎದೆಗೆ ನಾಟಿತು! ಟ್ರ್ಯಾಕ್ಟರ್ ಮೆಕ್ಯಾನಿಕ್ಕು ಅಂದರೆ ಅಷ್ಟು ಅಗ್ಗವೇ? ಇನ್ನು ಈ ಲೈಟು ಆರಿಸದೆ ಊಟ ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ. ಹಠ ಹಿಡಿದ ಲೈಟಿಗೆ ನನ್ನ ಹತ್ತಿರ ಒಂದು ಔಷಧಿ ಇದೆ. ಬ್ಯಾಟರಿಯ ವೈರು ಬಿಚ್ಚಿ ಹತ್ತು ನಿಮಿಷ ಬಿಡುವುದು. ಗಾಡಿ ತನ್ನ ಚಿಂತೆಯನ್ನೆಲ್ಲ ಮರೆಯುತ್ತದೆ. ಆದರೆ ಬ್ಯಾಟರಿಯೂ ಬಾನೆಟ್ಟಿನ ಒಳಗೆ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಹಿಂದಿನ ಡಿಕ್ಕಿಯಲ್ಲಿ, ನೆಲಹಾಸಿನ ಕೆಳಗೆ ಪತ್ತೆ ಮಾಡಿದೆ. ಗೌಡರ ಬ್ಯಾಗನ್ನು ಮೂಲೆಗೆ ಸರಿಸಿ ವೈರು ಬಿಚ್ಚಿದೆ.

"ನೋಡಿ ಬೀಗ್ರೇ, ಲೈಟು ಹೋಯ್ತು!"

ಹೋಗಿತ್ತು. ಎಲ್ಲಾ ಲೈಟೂ ಹೋಗಿತ್ತು.

ಅಷ್ಟರಲ್ಲಿ ಸಾವಿತ್ರಿ ಊಟಕ್ಕೆ ಕರೆದಳು. ನಮ್ಮ ಮನೆಯ ಇನ್ನೊಂದು ಕೋಳಿ, ಸಾರಾಗದೆ ಉಳಿದದ್ದು, ಡಿಕ್ಕಿಯ ಅಂಚಿಗೆ ಹಾರಿ ಕೂತು ಒಳಗೆ ಇಣುಕಿತು. ಬೀಗರ ಜರ್ಮನ್ ಕಾರಿನಲ್ಲಿ ಕೋಳಿ ಹಿಕ್ಕೆ ಹಾಕಿದರೆ ನಮ್ಮ ಮನೆತನದ ಗತಿಯೇನು? ಓಡಿಸಿ, ಡಿಕ್ಕಿ ಮುಚ್ಚಿದೆ. ಬಾಗಿಲು ಮೆಲ್ಲಗೆ 'ಟಕ್' ಎಂದಿತು. ಎಂಥ ಗಟ್ಟಿಮುಟ್ಟಾದ ಬಾಗಿಲು! ನಾನೇ ಮೆಚ್ಚಿಕೊಂಡೆ.

ಮುದ್ದೆ ಮುರಿಯುವಾಗ ಗೌಡರು ಹೇಳಿದರು. "ಬೀಗ್ರೇ, ಚೀಟಿ ಬ್ಯಾಗಲ್ಲೈತೆ. ಊಟ ಆದ್ಮೇಲೆ ದಿನ ನೋಡ್ಬುಡಣ."

ಊಟ ಮುಗಿಸಿ ಬಂದು ಡಿಕ್ಕಿಯ ಮುಂದೆ ನಿಂತೆವು.

"ಗುಂಡಿ ಒತ್ತಿ ಬೀಗ್ರೇ" ಅಂದರು ಗೌಡರು.

ಒತ್ತಿದೆ. ಸದ್ದಿಲ್ಲ. "ಗುಂಡಿಗೆ ಕರೆಂಟು ಬರ್ತಿಲ್ಲ."

"ಕರೆಂಟು ಎಲ್ಲಿಂದ ಬರ್ಬೇಕು?"

"ಬ್ಯಾಟರಿಯಿಂದ."

"ಅಂಗಾರೆ ಬ್ಯಾಟರಿಗೆ ವೈರು ಹಾಕಿ."

"ಬ್ಯಾಟರಿ ಡಿಕ್ಕೀಲೈತೆ."

"ಡಿಕ್ಕಿ ತೆಗೀರಿ."

"ಅದಕ್ಕೆ ಗುಂಡಿ ಒತ್ಬೇಕು."

ಗೌಡರು ನನ್ನ ಮುಖ ನೋಡಿದರು. ನಾನು ಕೋಳಿಯ ಮುಖ ನೋಡಿದೆ. ಡಿಕ್ಕಿಗೆ ಕೀಲಿ ಹಾಕುವ ತೂತಾದರೂ ಇದೆಯೇ ಎಂದು ತಡಕಿದೆ. ಕಣ್ಣಿಗೆ ಬೀಳಲಿಲ್ಲ. ಬ್ಯಾಟರಿಯೂ ಒಳಗೆ, ಬ್ಯಾಗೂ ಒಳಗೆ, ನನ್ನ ಮಗಳ ಮುಹೂರ್ತವೂ ಒಳಗೆ!

"ಜೋಯಿಸ್ರಿಗೆ ಫೋನ್ ಮಾಡಿ ದಿನ ಕೇಳ್ಬಾರ್ದಾ?" ಎಂದಳು ಸಾವಿತ್ರಿ. ಮಾಡಿದರು. ಸ್ವಿಚ್ ಆಫ್.

ಗಂಟೆ ಎರಡೂವರೆ. ನಾನು ಹಿಂದಿನ ಸೀಟಿಗೆ ನುಗ್ಗಿದೆ. ಸೀಟಿನ ನಡುವೆ ಕೈ ಊರಿಕೊಳ್ಳುವ ದಿಂಬನ್ನು ಕೆಳಗೆ ಎಳೆದರೆ, ಅದರ ಹಿಂದೆ ಡಿಕ್ಕಿಗೆ ತೆರೆಯುವ ಒಂದು ಪುಟ್ಟ ಕಿಂಡಿ ಇತ್ತು. ದೇವರು ಕಣ್ಣು ಬಿಟ್ಟ ಅಂದುಕೊಂಡು ಕೈ ತೂರಿಸಿದೆ. ಮೊಣಕೈ ಹೋಯಿತು. ರಟ್ಟೆ ಹೋಯಿತು. ಬೆರಳ ತುದಿಗೆ ಬ್ಯಾಗಿನ ಪಟ್ಟಿ ತಾಗಿತು. ಇನ್ನೊಂದು ಚೂರು ಎಂದು ಭುಜವನ್ನೂ ತಳ್ಳಿದೆ. ಆಮೇಲೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ರಟ್ಟೆಗೆ ಕಟ್ಟಿದ್ದ ಆಂಜನೇಯನ ತಾಯಿತ ಆಚೆ ಕಡೆ ಎಲ್ಲೋ ಸಿಕ್ಕಿಕೊಂಡಿತ್ತು.

ಸಾವಿತ್ರಿ ಕೊಬ್ಬರಿ ಎಣ್ಣೆ ಬಾಟಲಿ ತಂದು ನನ್ನ ಭುಜಕ್ಕೆ ಸುರಿದಳು. "ಮೆಕ್ಯಾನಿಕ್ಕಂದ್ರೆ ಕೈ ಕಣೇ, ಕೈ ಅಂತಿದ್ರಲ್ಲ. ಎಲ್ಲ್ರೀ ಆ ಕೈ?"

"ಜರ್ಮನೀಲಿ" ಅಂದೆ.

ಗೌಡರು ಕುರ್ಚಿಯನ್ನು ಕಾರಿನ ಬಾಗಿಲ ಹತ್ತಿರಕ್ಕೇ ತಂದುಕೊಂಡಿದ್ದರು. ನನಗೆ ಬೇಜಾರಾಗದಿರಲೆಂದು! ಚರಿತ್ರೆ ಆ ಹೊತ್ತಿಗೆ ಯುದ್ಧಕ್ಕೆ ಬಂದಿತ್ತು. "ಬಾಂಬು ಬಿದ್ದು ಕಾರ್ಖಾನೆ ಎಲ್ಲಾ ಪುಡಿಪುಡಿ. ಹೊಟ್ಟೆಪಾಡಿಗೆ ಏನ್ ಮಾಡಿದ್ರು ಹೇಳಿ? ಅಡಿಗೆ ಪಾತ್ರೆ! ಸೌಟು, ಬಾಣಲಿ, ಮಡಕೆ..."

"ಅದಕ್ಕೇ ಬೀಗ್ರೇ ಮಡಕೆ ಲೈಟು!" ಎಂದು ಕಿಂಡಿಯಿಂದಲೇ ಕೂಗಿದೆ. ಆ ಸ್ಥಿತಿಯಲ್ಲೂ ನನ್ನ ವಿದ್ಯೆ ನನ್ನನ್ನು ಬಿಟ್ಟಿರಲಿಲ್ಲ.

ಮೂರೂ ಮುಕ್ಕಾಲಿಗೆ ಪವಿತ್ರ ಬಂದಳು. ಅವಳು ನಮ್ಮ ಹಾಲಿನ ಸಂಘದ ಕಾರ್ಯದರ್ಶಿ. ಬೆಳಿಗ್ಗೆಯಿಂದ ಸಂಘದ ಕೆಲಸದ ಮೇಲೆ ಹೋಗಿದ್ದವಳು. ಗೇಟು ತೆಗೆದವಳಿಗೆ ಕಂಡದ್ದು ಇಷ್ಟು: ಮಾವನಾಗುವವರು ಬಾಣಲಿಯ ಬಗ್ಗೆ ಭಾಷಣ ಮಾಡುತ್ತಿದ್ದಾರೆ, ಅಮ್ಮ ಎಣ್ಣೆ ಬಾಟಲಿ ಹಿಡಿದು ನಿಂತಿದ್ದಾಳೆ, ಅಪ್ಪನ ಕಾಲು ಮಾತ್ರ ಕಾರಿನ ಆಚೆ ಇದೆ. ಸೆರಗು ಸರಿಮಾಡಿಕೊಂಡು ಗೌಡರಿಗೆ ನಮಸ್ಕಾರ ಮಾಡಿ, ಆದದ್ದನ್ನೆಲ್ಲ ಕೇಳಿ, "ಬುಕ್ಕಲ್ಲಿ ಏನು ಬರ್ದವ್ರೆ?" ಅಂದಳು.

"ಯಾವ ಬುಕ್ಕು?" ಎಂದು ನಾವಿಬ್ಬರೂ ಗಂಡಸರು ಒಟ್ಟಿಗೆ ಕೇಳಿದೆವು.

ಪವಿತ್ರ ಮುಂದಿನ ಬಾಗಿಲು ತೆರೆದು, ಡ್ಯಾಶ್ ಬೋರ್ಡಿನ ಪೆಟ್ಟಿಗೆಯಿಂದ ದಪ್ಪ ಪುಸ್ತಕವೊಂದನ್ನು ಎಳೆದಳು. ಅದರ ಪ್ಲಾಸ್ಟಿಕ್ಕು ಹಾಗೇ ಇತ್ತು! ಗೌಡರು ಕೊಂಡದ್ದು ಸೆಕೆಂಡ್ ಹ್ಯಾಂಡ್ ಕಾರು. ಮಾರಿದವನೂ ಬಿಚ್ಚಿರಲಿಲ್ಲ, ಇವರೂ ಬಿಚ್ಚಿರಲಿಲ್ಲ. ಕಂಪನಿಯ ಅಜ್ಜ ಮುತ್ತಾತಂದಿರ ಚರಿತ್ರೆ ಬಾಯಿಪಾಠ ಮಾಡಿದ್ದ ನಮ್ಮ ಬೀಗರು ಕಾರಿನ ಪುಸ್ತಕವನ್ನು ಕಣ್ಣಲ್ಲೂ ನೋಡಿರಲಿಲ್ಲ. ಸಂಘಕ್ಕೆ ಹಾಲು ಪರೀಕ್ಷೆ ಮಾಡುವ ಮೆಷೀನು ಬಂದಾಗ ಇಂಗ್ಲಿಷ್ ಪುಸ್ತಕ ಓದಿಯೇ ಅದನ್ನು ನಡೆಸಲು ಕಲಿತವಳು ಪವಿತ್ರ. ಬೋನಿಗೆ ಬಿದ್ದ ಅಪ್ಪನ ಕಡೆಗೆ ಬೆನ್ನು ಹಾಕಿ, ನಿಧಾನವಾಗಿ ಹಾಳೆ ತಿರುವಿದಳು.

"ಬಾನೆಟ್ಟಿನ ಕೆಳಗೆ ಕೆಂಪು ಮುಚ್ಚಳ ಐತಂತೆ. ಅಲ್ಲಿಗೆ ಬೇರೆ ಬ್ಯಾಟರಿಯಿಂದ ಕರೆಂಟು ಕೊಟ್ರೆ ಡಿಕ್ಕಿ ತೆಗೆಯುತ್ತಂತೆ."

ಕೆಂಪು ಮುಚ್ಚಳ! ಕಡ್ಡಿ ಹುಡುಕುವಾಗ ಅದರ ಮೇಲೆ ನಾನು ಟಾರ್ಚು ಇಟ್ಟಿದ್ದೆ.

ಶೆಡ್ಡಿನಲ್ಲಿ ರಿಪೇರಿಗೆ ನಿಂತಿದ್ದ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಅವಳೇ ವೈರು ಎಳೆದು ಕೊಟ್ಟಳು. ಎಷ್ಟೆಂದರೂ ನನ್ನ ಮಗಳು. ಗುಂಡಿ ಒತ್ತಿದಳು. ಡಿಕ್ಕಿ ತೆರೆಯಿತು. ಸಾವಿತ್ರಿ ಆ ಕಡೆಯಿಂದ ತಾಯಿತದ ದಾರ ಕತ್ತರಿಸಿ, ನನ್ನ ಕೈಯನ್ನು ನನಗೆ ವಾಪಸು ಕೊಟ್ಟಳು. ಬ್ಯಾಟರಿಗೆ ವೈರು ಹಾಕಿದೆ. ಕಾರು ಎದ್ದಿತು. ಅದರ ಜೊತೆಗೆ ಹಳದಿ ಮಡಕೆಯೂ ಎದ್ದಿತು!

ಪವಿತ್ರ ಇನ್ನೊಂದು ಪುಟ ತೆಗೆದಳು. ಚಿತ್ರವನ್ನು ಬೆರಳಿಟ್ಟು ಹೋಲಿಸಿದಳು. "ಅಪ್ಪಾ, ಇದು ಮಡಕೆ ಅಲ್ಲ. ಟೈರು. ಗಾಳಿ ಕಮ್ಮಿ ಆದ್ರೆ ಹತ್ಕೊಳ್ಳುತ್ತಂತೆ."

"ಆಯಿಲ್ಲು?"

"ಆಯಿಲ್ಲು ಸರಿಯಾಗೈತೆ. ಈ ಕಾರಿಗೆ ಕಡ್ಡೀನೇ ಇಲ್ವಂತೆ. ಟಿವಿ ತರಾ ಪರದೇಲಿ ತೋರಿಸ್ತದಂತೆ."

ನೋಡಿದರೆ ಹಿಂದಿನ ಎಡಗಡೆಯ ಟೈರು ಸ್ವಲ್ಪ ಕೂತಿತ್ತು. ಬೆಳಿಗ್ಗೆಯಿಂದ ಅದಕ್ಕೇ ಒರಗಿಕೊಂಡು ಬೆವರು ಒರೆಸಿಕೊಂಡಿದ್ದೆ. ಅಲ್ಲಿಂದ ನಾಲ್ಕು ಹೆಜ್ಜೆಯಲ್ಲಿ ನನ್ನ ಸ್ವಂತ ಗಾಳಿ ಕಂಪ್ರೆಸರು ಇತ್ತು. ಸ್ಕೂಲು ಮಕ್ಕಳ ಸೈಕಲ್ಲಿಗೆ ಪುಕ್ಕಟೆ ಗಾಳಿ ಹೊಡೆಯುವ ಕಂಪ್ರೆಸರು.

ಗಾಳಿ ಹೊಡೆಯಲು ಎರಡು ನಿಮಿಷ ಹಿಡಿಯಿತು. ಲೈಟು ಆರಿತು.

ಚೀಟಿ ತೆಗೆದು ಮೊದಲನೇ ದಿನವನ್ನು ಆರಿಸಿದೆವು. ಐದರೊಳಗೆ ಹಾಸನ ಮುಟ್ಟುವುದು ಅನುಮಾನವೆಂದು ಗೌಡರು ಛತ್ರಕ್ಕೆ ಫೋನು ಮಾಡಿದರು. ಆ ಮುಹೂರ್ತಕ್ಕೆ ಛತ್ರ ಅವತ್ತೇ ಮಧ್ಯಾಹ್ನ ಮೂರು ಗಂಟೆಗೆ ಬೇರೆಯವರಿಗೆ ಹೋಯಿತಂತೆ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ತಲೆ ತಗ್ಗಿಸಿ, "ತಪ್ಪಾಯ್ತು ಬೀಗ್ರೇ" ಅಂದೆ. ಆ ಮಾತನ್ನು ನನ್ನ ಬಾಯಿಂದ ಸಾವಿತ್ರಿ ಮೊದಲ ಸಲ ಕೇಳಿದ್ದು. ಅದೂ ಅವಳಿಗೆ ಹೇಳಿದ್ದಲ್ಲ.

ಗೌಡರು ನಕ್ಕರು. "ಏ ಬುಡಿ ಬೀಗ್ರೇ, ಎರಡನೇ ದಿನ ಐತಲ್ಲ, ಅದನ್ನೇ ಬರ್ಕೊಳಯ್ಯಾ ಅಂದೆ. ಈ ಕಂಪನೀದೂ ಮೊದಲ್ನೇ ಕಾರು ಓಡಲೇ ಇಲ್ಲ, ಎರಡನೇದೇ ಓಡಿದ್ದು!" ಅಷ್ಟು ಹೇಳಿ ಹೊರಟವರು ಕಿಟಕಿ ಇಳಿಸಿ, "ಪವಿತ್ರಾ, ಆ ಬುಕ್ಕು ನೀನೇ ಇಟ್ಕೊಳಮ್ಮ, ನಮ್ಮನೆಗೆ ಬರುವಾಗ ತಗೊಂಬಾ" ಅಂದರು.

ಸಿಮೆಂಟು ಗಟ್ಟಿಯಾಯಿತು.

ವಾರ ಕಳೆದ ಮೇಲೆ ಶೆಡ್ಡಿನ ಫೋನು ಬಡಿದುಕೊಂಡಿತು. ಸ್ಟಿಕ್ಕರ್ ಅಂಟಿಸಿದ್ದ ಆ ಹೊಳೆನರಸೀಪುರದ ಡಾಕ್ಟರು. ನಡೆದದ್ದನ್ನೆಲ್ಲ ನಮ್ಮ ಬೀಗರು ಗ್ರೂಪಿನಲ್ಲಿ ವಿವರವಾಗಿ ಹಾಕಿದ್ದರಂತೆ.

"ಜರ್ಮನ್ ಕಾರು ರಿಪೇರಿ ಮಾಡ್ತಾರಲ್ಲ, ಆ ಮೆಕ್ಯಾನಿಕ್ಕು ಇದಾರಾ?"

ಎದೆ ಉಬ್ಬಿತು. "ನಾನೇ ಸಾ, ಹೇಳಿ."

"ನೀವಲ್ಲ ಕಣ್ರೀ. ಪುಸ್ತಕ ಓದ್ತಾರಲ್ಲ, ಆ ಹೆಣ್ಣುಮಗಳು. ಭಾನುವಾರ ಮನೇಲಿರ್ತಾರಾ?"

"ಇರ್ತಾಳೆ ಸಾ."

"ಸರಿ, ಬರ್ತೀನಿ. ಮತ್ತೆ ಅಲ್ಲಿ ಗಾಳಿ ಹೊಡೆಯೋರು ಒಬ್ರು ವಯಸ್ಸಾದೋರು ಅವ್ರಂತಲ್ಲ, ಅವರೂ ಇರ್ತಾರಾ?"

"ಇರ್ತಾರೆ" ಅಂದೆ.