ಕೊಪ್ಪರಿಗೆಯಲ್ಲಿ ಕುಳಿತ ಅಳಿಯ

ಆ ಬೆಳಿಗ್ಗೆ ನಾನು ನನ್ನ ಹೆಂಡತಿ ನೀಲವ್ವನಿಗೆ ವಿಜ್ಞಾನದ ಪಾಠ ಹೇಳುತ್ತಿದ್ದೆ. ಹೊಸಪೇಟೆಯ ನಮ್ಮ ಹಿತ್ತಲಲ್ಲಿ ಬಳಕೆಯ ನೀರಿಗೆಂದು ಒಂದು ದೊಡ್ಡ ಕಬ್ಬಿಣದ ಕೊಪ್ಪರಿಗೆಯಿತ್ತು. ಕಂಪ್ಲಿಯ ಅತ್ತೆಯವರು ತಮ್ಮ ಗಾಣದಲ್ಲಿ ಬೆಲ್ಲ ಕಾಸಿ ಕಾಸಿ ಹಳತಾದ ಇದನ್ನು ಬಂಡಿಯಲ್ಲಿ ಕಳಿಸಿದ್ದರು. ಕಾಲುವೆಯ ನೀರು ತುಂಬಿದ ನಾಲ್ಕೇ ದಿನಕ್ಕೆ ಅದರ ಒಳಮೈಯೆಲ್ಲ ಲೋಳೆ.

“ಇದು ಪಾಚಿ. ಕಣ್ಣಿಗೆ ಕಾಣದಷ್ಟು ಸಣ್ಣ ಸಸಿಗಳು ಕಬ್ಬಿಣಕ್ಕ ಅಂಟಿ ಮನಿ ಮಾಡ್ತಾವ” ಎಂದೆ. ಮೂರನೆಯ ಫಾರಂವರೆಗೆ ಓದಿದವನು ಸುಮ್ಮನಿರಲಾದೀತೆ!

“ಕಾಣಂಗಿಲ್ಲ ಅಂದ್ರ ನಿಮಗ ಕಾಣಂಗಿಲ್ಲ. ನನ್ನ ಕೈಗೆ ಗೊತ್ತಾಗ್ತೈತ್ರಿ” ಎಂದು ಅವಳು ಒಳಗೆ ಬೆರಳಾಡಿಸಿ ನೋಡಿ, ತೆಂಗಿನ ನಾರು ಎತ್ತಿಕೊಂಡಳು.

ಮರುದಿನ ಅವಳಿಗೆ ಜ್ವರ ಬಂತು. ವಾರದೊಳಗೆ ಹೋಗಿಬಿಟ್ಟಳು.

ತಿಂಗಳಾದ ಮೇಲೆ ಅತ್ತೆಯವರು ಬರುತ್ತಾರೆಂದು ತಿಳಿಯಿತು. ಮಗಳು ಹೋದಂದಿನಿಂದ ಅವರು ಸರಿಯಾಗಿ ಉಂಡಿಲ್ಲ, ಯಾರೊಡನೆಯೂ ಮಾತಿಲ್ಲ ಎಂದು ಕೇಳಿದ್ದೆ. ಅವರ ಕಣ್ಣಿಗೆ ಮಗಳ ಮನೆ ಹಾಳುಬಿದ್ದಂತೆ ಕಾಣಬಾರದು. ಕೊಪ್ಪರಿಗೆಯೋ, ಹಸಿರು ಹೊದ್ದು ಕುಳಿತಿತ್ತು.

ನೀಲವ್ವ ಹೊರಗೆ ನಿಂತೇ, ಬಗ್ಗಿ ಉಜ್ಜುತ್ತಿದ್ದಳು. ನನಗೆ ಆ ಪದ್ಧತಿ ಅಶಾಸ್ತ್ರೀಯವೆನಿಸಿತು. ತಳದ ನೀರನ್ನೂ ಚೆಲ್ಲದೆ ಒಳಗೇ ಇಳಿದೆ. ಇಳಿದದ್ದಲ್ಲ, ಜಾರಿದೆ!

ಬಿದ್ದಲ್ಲೇ ಕುಳಿತು, ಉಜ್ಜಲೆಂದು ಅಂಚಿನ ಮೇಲಿಟ್ಟಿದ್ದ ಬುಟ್ಟಿಯ ಬೂದಿಯನ್ನೆಲ್ಲ ಸುರಿದುಕೊಂಡೆ. ಲೋಳೆಗೆ ಬೂದಿ ಸೇರಿ ಸಾಬೂನಿನಂತಾಯಿತು. ಅಂಚಿಗೆ ಕೈ ಚಾಚಿದರೆ ಕಾಲು ಜಾರುತ್ತದೆ, ಕಾಲೂರಿದರೆ ಕೈ ಜಾರುತ್ತದೆ. ಮೇಲಿದ್ದ ಬಟ್ಟೆಯ ಹಗ್ಗ ಹಿಡಿದೆಳೆದೆ. ಅತ್ತೆಯವರೆದುರು ಉಡಲೆಂದು ಒಗೆದಿದ್ದ ಧೋತರವೂ ಒಳಗೆ ಬಂತು.

ಕೂಗು ಕೇಳಿ ಪಕ್ಕದ ಮನೆಯ ಹುಡುಗ ವೀರಣ್ಣ ಓಡಿ ಬಂದ.

“ಕೈ ಕೊಡ್ರಿ ಮಾವಾರ!”

ಕೊಟ್ಟೆ. ಅವನೂ ಬಂದ.

“ಬಿಡ್ರಿ ಅಂದ್ರ ಬಿಡಬಾರದೇನ್ರಿ?”

“ಬಿಟ್ರ ನಾ ಮುಳುಗ್ತೀನಲ್ಲೋ!”

“ಮೊಣಕಾಲುದ್ದ ನೀರಾಗ?”

ಆಗಲೇ ಹಿತ್ತಲ ಬಾಗಿಲಲ್ಲಿ ಅತ್ತೆಯವರು ನಿಂತಿದ್ದರು. ಒಂದು ದಿನ ಮುಂಚೆ! ಬೂದಿ ಬಡಿದುಕೊಂಡ ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು:

“ಅಳಿಯಂದಿರ, ಬೆಲ್ಲ ಯಾವಾಗ ಇಳಸ್ತೀರಿ?”

ಕೇಳಿದವರೇ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದು ಗೋಣಿಚೀಲ ತಂದು ಕೊಪ್ಪರಿಗೆಯ ಒಳಗಿನ ಇಳಿಜಾರಿಗೆ ಹಾಸಿದರು. ಅದರ ಮೇಲೆ ಕಾಲೂರಿ, ವಿಜ್ಞಾನಿಯೂ ವೀರಣ್ಣನೂ ಅಂಬೆಗಾಲಿಟ್ಟು ಹೊರಬಂದೆವು. ಆ ರಾತ್ರಿ ಅತ್ತೆಯವರು ಎರಡು ರೊಟ್ಟಿ ಉಂಡರು. ಆ ಲೋಳೆಯ ಉಪಕಾರವನ್ನು ನಾನು ಮರೆಯಲಾರೆ.

ಈಗ ನಾನೂ ಹೊರಗೆ ನಿಂತೇ ಉಜ್ಜುತ್ತೇನೆ. ಕೊಪ್ಪರಿಗೆ ಸ್ವಚ್ಛವಾಗಿದೆಯೆಂದು ವೀರಣ್ಣ ದೂರದಿಂದಲೇ ಹೇಳುತ್ತಾನೆ. ಇದ್ದರೂ ಇರಬಹುದು. ಬೆರಳಾಡಿಸಿ ನೋಡಿ ಹೇಳುವ ಕೈ ಮನೆಯಲ್ಲಿಲ್ಲ.