ದೊಡ್ಡ ದೇಶದ ಪರವಾಗಿ ನನ್ನ ಹೆಂಡತಿ

ಅಭಿಪ್ರಾಯವೇ ಇಲ್ಲದೆ ಬದುಕುವುದು ಬಹಳ ಸುಲಭ ಎಂದು ಕೆಲವರು ತಿಳಿದಿದ್ದಾರೆ. ಅಭಿಪ್ರಾಯ ಇರುವವನು ಅದನ್ನು ಒಮ್ಮೆ ಹೇಳಿ, ಬೈಸಿಕೊಂಡು, ಮನೆಗೆ ಹೋಗಿ ಮಲಗಬಹುದು. ಇಲ್ಲದವನು ದಿನವಿಡೀ ತಲೆಯಾಡಿಸುತ್ತಿರಬೇಕು. ಅದೂ ಹೌದೆನ್ನುತ್ತಿದ್ದಾನೋ ಅಲ್ಲವೆನ್ನುತ್ತಿದ್ದಾನೋ ಯಾರಿಗೂ ತಿಳಿಯದ ಹಾಗೆ. ನಾನು ಸರ್ವೇ ಖಾತೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಹೊಲಗಳ ಅಳತೆ ಮಾಡುತ್ತಾ ಈ ವಿದ್ಯೆಯನ್ನು ಸಿದ್ಧಿಸಿಕೊಂಡವನು. ಒಮ್ಮೆ ಸುಳ್ಳ ಎಂಬ ಹಳ್ಳಿಯಲ್ಲಿ ಅಣ್ಣತಮ್ಮಂದಿರ ಹೊಲದ ಒಡ್ಡಿನ ಜಗಳಕ್ಕೆ ಹೋಗಿದ್ದೆ. ಅಣ್ಣನ ಮನೆಯಲ್ಲಿ ಅವಲಕ್ಕಿ, ತಮ್ಮನ ಮನೆಯಲ್ಲಿ ಉಪ್ಪಿಟ್ಟು. "ಸಾಹೇಬ್ರ, ಯಾರದು ಖರೇ ಐತ್ರಿ?" ಎಂದು ಅಣ್ಣ ಕೇಳಿದಾಗ, "ಅವಲಕ್ಕಿ ಭಾಳ ಛಲೋ ಆಗ್ಯಾವ್ರಿ" ಎಂದೆ. ತಮ್ಮ ಕೇಳಿದಾಗ ಉಪ್ಪಿಟ್ಟನ್ನು ಹೊಗಳಿದೆ. ಅಳತೆಯ ನಕ್ಷೆಯನ್ನು ಅಂಚೆಯಲ್ಲಿ ಕಳಿಸಿದೆ. ಇಂಥ ನಾನು ಎರಡು ದೇಶಗಳ ಯುದ್ಧದಲ್ಲಿ ಸಿಕ್ಕಿಬಿದ್ದೆನೆಂದರೆ ನೀವು ನಂಬಲಿಕ್ಕಿಲ್ಲ.

ಯಾವ ದೇಶಗಳು ಎಂದು ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ನೀವೂ ಒಂದು ಪಕ್ಷ ಹಿಡಿಯುತ್ತೀರಿ, ಆಮೇಲೆ ನನ್ನ ಕತೆ ಅರ್ಧಕ್ಕೇ ನಿಲ್ಲುತ್ತದೆ. ಒಂದು ದೊಡ್ಡ ದೇಶ, ಅದರ ಪಕ್ಕದಲ್ಲಿ ಒಂದು ಸಣ್ಣ ದೇಶ, ಇಷ್ಟು ಸಾಕು. ಎಂಟು ದಿನದಲ್ಲಿ ಮುಗಿಯುತ್ತದೆ ಎಂದು ಎಲ್ಲರೂ ಹೇಳಿದ ಯುದ್ಧ ವರ್ಷಗಳಾದರೂ ನಡೆದೇ ಇದೆ. ಆ ಎರಡೂ ದೇಶಗಳನ್ನು ನಮ್ಮ ಬಡಾವಣೆಯಾದ ಮಾಳಮಡ್ಡಿಯಲ್ಲಿ ಯಾರೂ ಕಂಡಿಲ್ಲ. ಆದರೂ ನಮ್ಮ ಓಣಿಯಲ್ಲಿ ಇಸ್ತ್ರಿ ಮಾಡುವವರಿಂದ ಹಿಡಿದು ಮೂಲವ್ಯಾಧಿಯ ಡಾಕ್ಟರವರೆಗೆ ಪ್ರತಿಯೊಬ್ಬರಿಗೂ ಅಲ್ಲಿಯ ಸೇನೆ ನಾಳೆ ಯಾವ ಹೊಳೆ ದಾಟಬೇಕೆಂಬುದು ಗೊತ್ತಿತ್ತು. ನನ್ನ ಹೆಂಡತಿ ಸುನಂದಾ ಸರಕಾರಿ ಸಾಲೆಯ ಶಿಕ್ಷಕಿ. ಆಕೆ ಮೊದಲ ದಿನದಿಂದಲೂ ಸಣ್ಣ ದೇಶದ ಪರ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ದೊಡ್ಡ ದೇಶವನ್ನು ಬೈಯುತ್ತಿದ್ದಳು. ಹಾಸಿಗೆಯಲ್ಲಿ ಮಲಗಿದ್ದಂತೆಯೇ, ರೊಟ್ಟಿಯ ಸಪ್ಪಳ ಕೇಳಿ, ಹಿಂದಿನ ದಿನ ಯಾರಿಗೆ ಹಿನ್ನಡೆಯಾಗಿದೆ ಎಂದು ನಾನು ಹೇಳಬಲ್ಲವನಾಗಿದ್ದೆ.

ಹೀಗಿರುವಾಗ ನಮ್ಮ ಓಣಿಯ ಮಹಿಳಾ ಮಂಡಳಕ್ಕೆ ಹೊಸ ಅಧ್ಯಕ್ಷರು ಬಂದರು. ಶಕುಂತಲಾ ಬಾಯಾರು ನಿವೃತ್ತ ಇತಿಹಾಸ ಪ್ರಾಧ್ಯಾಪಕರು. ಅವರ ದನಿಗೆ ಮೈಕು ಹೆದರುತ್ತದೆ. ಮಂಡಳದಲ್ಲಿ ಪ್ರತಿವರ್ಷ ರಂಗೋಲಿ ಸ್ಪರ್ಧೆ ನಡೆಯುತ್ತಿತ್ತು. ಬಾಯಾರು ಮೊದಲ ಸಭೆಯಲ್ಲೇ, "ರಂಗೋಲಿ ಸಾಕ್ರಿ. ಹೆಣ್ಮಕ್ಕಳು ಇನ್ನೂ ಎಷ್ಟು ದಿನಾ ನೆಲಾ ನೋಡ್ಕೋತ ಕುಂದ್ರೂದು? ಜಗತ್ತು ನೋಡೂಣು. ಈ ಸಲ ಚರ್ಚಾಕೂಟ!" ಎಂದು ಘೋಷಿಸಿದರು. ವಿಷಯ: ಈಗ ನಡೆದಿರುವ ಯುದ್ಧದಲ್ಲಿ ನ್ಯಾಯ ಯಾರ ಕಡೆ? ಬಹುಮಾನ, ಆರು ತಟ್ಟೆಗಳ ಇಡ್ಲಿ ಪಾತ್ರೆ.

ಅಂತಿಮ ಸುತ್ತಿಗೆ ಇಬ್ಬರು ಆಯ್ಕೆಯಾದರು. ಒಬ್ಬಳು ನನ್ನ ಹೆಂಡತಿ. ಇನ್ನೊಬ್ಬರು ಎರಡು ಮನೆ ಆಚೆಯ ವಿಮಲಕ್ಕ. ಸತ್ತೂರಿನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಯಾರು ಯಾವ ದೇಶದ ಪರ ಮಾತಾಡಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ಸುನಂದಾ ಮನೆಗೆ ಬಂದವಳೇ ಕೈಚೀಲವನ್ನು ಸೋಫಾದ ಮೇಲೆ ಒಗೆದಳು.

"ನನಗ ದೊಡ್ಡ ದೇಶ ಬಂತ್ರಿ!"

ಹರಕೆ ತಪ್ಪಿದವರ ಹಾಗೆ ಮುಖ ಮಾಡಿಕೊಂಡು ಕೂತಳು. "ದಿನಾ ಮುಂಜಾನೆ ಬೈತೇನಿ. ಈಗ ಅವರ ಪರ ಹೆಂಗ ನಿಂತು ಮಾತಾಡ್ಲಿ? ಬಾಯಿ ಹೊರಳಬೇಕಲ್ಲ?"

"ಒಲ್ಲೆ ಅನ್ನು" ಎಂದೆ.

"ಒಲ್ಲೆ ಅಂದ್ರ ವಿಮಲಕ್ಕ ಹಂಗ ಗೆದ್ದ ಬಿಡ್ತಾಳಲ್ಲ!"

ಬಾಯಿ ಒಂದೇ ದಿನದಲ್ಲಿ ಹೊರಳಿತು. ಮರುದಿನದಿಂದ ನಮ್ಮ ಮನೆಯಲ್ಲಿ ತಾಲೀಮು. ಎದುರಾಳಿ ಬೇಕಲ್ಲ? ಸಂಜೆ ಆಫೀಸಿನಿಂದ ಬಂದು ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ನಾನು ಸಣ್ಣ ದೇಶವಾಗಿ ಕುರ್ಚಿಯಲ್ಲಿ ಕೂರಬೇಕಾಗುತ್ತಿತ್ತು. ಪಡಸಾಲೆಯ ಗೋಡೆಗೆ ನಮ್ಮ ತಂದೆಯ ಕಾಲದಿಂದ ಇರುವ ಬುದ್ಧನ ಫೋಟೋ ಇದೆ. ಅದರ ಕೆಳಗೆ ನಿಂತು ಆಕೆ ದಂಡಯಾತ್ರೆಯನ್ನು ಸಮರ್ಥಿಸುತ್ತಿದ್ದಳು. ಬುದ್ಧನ ಕಣ್ಣು ಮೊದಲೇ ಅರ್ಧ ಮುಚ್ಚಿದ್ದುದರಿಂದ ಅವನಿಗೆ ಹೆಚ್ಚಿನ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ನನಗೆ.

"ನಮ್ಮ ಬಾಗಲದಾಗ ನೀವು ಹೊರಗಿನ ಪೈಲ್ವಾನರನ್ನ ಕರದು ಕುಂದ್ರಿಸಿದ್ರ ನಾವು ಸುಮ್ನ ಇರಬೇಕೇನು?" ಎಂದು ಅವಳು ಕೇಳುವಳು.

"ನಮ್ಮ ಮನಿ, ನಮ್ಮ ಕಟ್ಟಿ. ಯಾರನ್ನರೆ ಕುಂದ್ರಿಸ್ತೀವಿ" ಎಂದು ನಾನು ಸಣ್ಣ ದನಿಯಲ್ಲಿ ಹೇಳುವೆ.

"ಜೋರಾಗಿ ಹೇಳ್ರಿ! ವಿಮಲಕ್ಕ ಹಿಂಗ ಮೆಲ್ಲಕ ಮಾತಾಡ್ತಾಳೇನು?"

ನಾನು ಜೋರು ಮಾಡಿದರೆ ಆಕೆ ಇನ್ನೂ ಜೋರು. ಪ್ರತಿದಿನ ಏಳೂವರೆಯ ಹೊತ್ತಿಗೆ ನಾನು ಸೋಲುತ್ತಿದ್ದೆ, ಎಂಟಕ್ಕೆ ಊಟ. ಹೀಗೆ ನಾಲ್ಕು ದಿನ ಕಳೆದವು. ಐದನೆಯ ದಿನ ಒಂದು ವಿಚಿತ್ರ ನಡೆಯಿತು. ಟಿವಿಯಲ್ಲಿ ಯಾರೋ ದೊಡ್ಡ ದೇಶವನ್ನು ಟೀಕಿಸುತ್ತಿದ್ದರು. ಸುನಂದಾ ಕೊತ್ತಂಬರಿ ಸೋಸುತ್ತಿದ್ದವಳು ತಲೆ ಎತ್ತಿ, "ಇವಗೇನ್ ಗೊತ್ತೈತಿ? ಒಂದ ಕಡೀದು ಕೇಳಿ ಮಾತಾಡ್ತಾನ!" ಎಂದು ಸಿಡುಕಿದಳು. ಆ ಹೊತ್ತಿನಲ್ಲಿ ತಾಲೀಮು ಇರಲಿಲ್ಲ. ಅದು ಅವಳ ಸ್ವಂತ ಸಿಟ್ಟು. ಮರುದಿನ ಬೆಳಗ್ಗೆ ರೊಟ್ಟಿಯ ಸಪ್ಪಳದಲ್ಲಿ ಸಣ್ಣ ದೇಶಕ್ಕೆ ಬೈಗಳು ಬಿದ್ದವು. ನಾನು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡೆ.

ಅಂದು ಸಂಜೆ ತಾಲೀಮಿನಲ್ಲಿ, ಹೇಗೋ ಏನೋ, ನನ್ನ ಬಾಯಿಂದ ಒಂದು ಒಳ್ಳೆಯ ಮಾತು ಬಂದುಬಿಟ್ಟಿತು. "ಬಾಗಲದ ಮಾತು ಇರಲಿ. ದಿನಾ ಮಕ್ಕಳು ಸಾಯಾಕತ್ತಾವಲ್ಲ, ಅದಕ್ಕೇನಂತಿ?" ಎಂದೆ. ಸುನಂದಾ ಸೀದಾ ಅಡಿಗೆಮನೆಗೆ ಹೋದಳು. ಅಂದು ರಾತ್ರಿ ತಟ್ಟೆಯಲ್ಲಿ ರೊಟ್ಟಿ ಮಾತ್ರ ಬಂತು, ಪಲ್ಯ ಬರಲಿಲ್ಲ. ಸೋಲುವುದು ನನ್ನ ಕೆಲಸವಾಗಿರುವಾಗ ಗೆಲ್ಲಲು ಹೋದದ್ದು ತಪ್ಪೆಂದು ನಾನು ಒಣರೊಟ್ಟಿ ಮುರಿಯುತ್ತಾ ಪಶ್ಚಾತ್ತಾಪಪಟ್ಟೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ. ತೀರ್ಪು ಕೊಡಲು ಒಪ್ಪಿದ್ದ ನಿವೃತ್ತ ಪ್ರಾಚಾರ್ಯರಿಗೆ, ಸ್ಪರ್ಧಿಗಳು ಯಾರೆಂದು ತಿಳಿದ ಕೂಡಲೇ ನೆಗಡಿಯಾಯಿತು. ಮರುದಿನ, ಶನಿವಾರ ಸಂಜೆ, ಶಕುಂತಲಾ ಬಾಯಾರು ನಮ್ಮ ಮನೆಗೆ ಬಂದು ಸುನಂದಾ ಕೊಟ್ಟ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ನನ್ನತ್ತ ತಿರುಗಿದರು.

"ನೀವು ಸರ್ವೇದವ್ರು. ಗಡಿ ಅಂದ್ರ ನಿಮ್ಮ ದಂಧೇನ ಅದ. ನಾಳೆ ತೀರ್ಪು ನೀವ ಹೇಳಬೇಕ್ರಿ."

"ಬಾಯಾರ, ನಂದು ಹುಬ್ಬಳ್ಳಿ ತಾಲೂಕ ಅಷ್ಟ ರಿ" ಎಂದೆ.

"ಗಡಿ ಎಲ್ಲಿದಾದ್ರೇನು? ಗಡಿ ಗಡಿನ."

"ಅಲ್ರಿ, ಸ್ಪರ್ಧಾದಾಗ ಒಬ್ಬಾಕಿ ನನ್ನ ಹೆಂಡತಿ ಇದ್ದಾಳ್ರಿ. ಜನ ಏನಂದಾರು?"

"ಅದಕ್ಕ ನಿಮ್ಮನ್ನ ಆರಿಸೇವಿ. ಹೆಂಡ್ತಿ ಪರ ಹೇಳೋ ಧೈರ್ಯಾನೂ ನಿಮಗಿಲ್ಲ, ವಿರುದ್ಧ ಹೇಳೋ ಧೈರ್ಯಾನೂ ಇಲ್ಲ. ಇದಕ್ಕ ನಿಷ್ಪಕ್ಷಪಾತ ಅಂತಾರ."

ಸುನಂದಾ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ತಲೆಯಾಡಿಸಿದೆ. ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ತಲೆಯಾಟವನ್ನು ಹೌದೆಂದು ಸ್ಪಷ್ಟವಾಗಿ ಓದಲಾಯಿತು.

ಇಲ್ಲಿ ಒಂದು ಗುಟ್ಟನ್ನು ಹೇಳಬೇಕು. ನನಗೆ ಕಾಲು ಜೋಮು ಹಿಡಿಯುತ್ತದೆ. ಡಾಕ್ಟರು ವಾರಕ್ಕೊಂದು ವಿಟಮಿನ್ನಿನ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ನನಗೆ ಸೂಜಿಯೆಂದರೆ ಜೀವ ಹೋಗುತ್ತದೆ. ವಿಮಲಕ್ಕನ ಕೈ ಮಾತ್ರ ಬಹಳ ಹಗುರ. ಅವರು ಚುಚ್ಚಿ, ಹತ್ತಿ ಒತ್ತಿ, "ಆತ್ರಿ" ಎಂದ ಮೇಲೇ ನನಗೆ ಶುರುವಾಯಿತೆಂದು ತಿಳಿಯುವುದು. ಪ್ರತಿ ರವಿವಾರ ಬೆಳಿಗ್ಗೆ ಮನೆಗೇ ಬಂದು ಕೊಟ್ಟು ಹೋಗುತ್ತಾರೆ. ಚರ್ಚಾಕೂಟ ಇದ್ದದ್ದೂ ರವಿವಾರವೇ, ಸಂಜೆ ನಾಲ್ಕಕ್ಕೆ. ಅನ್ನ ಹಾಕುವ ಕೈ ಒಂದು ಕಡೆ, ಸೂಜಿ ಹಿಡಿದ ಕೈ ಇನ್ನೊಂದು ಕಡೆ. ನಡುವೆ ನಾನು.

ಅಂದು ಬೆಳಿಗ್ಗೆ ವಿಮಲಕ್ಕ ಬಂದರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅವರು ಸಿರಿಂಜಿಗೆ ಔಷಧ ಎಳೆದುಕೊಂಡರು. ಆದರೆ ಚುಚ್ಚಲಿಲ್ಲ.

"ಅಣ್ಣಾರ, ನಮ್ಮ ಸಣ್ಣ ದೇಶದ ಬಗ್ಗೆ ನಿಮ್ಮ ಅಭಿಪ್ರಾಯ ಏನ್ರಿ?"

ಸೂಜಿ ಹಿಡಿದವರಿಗೆ ಬೆನ್ನು ಕೊಟ್ಟು ಮಲಗಿದವನ ಅಭಿಪ್ರಾಯ ಏನಿರುತ್ತದೆ? "ಭಾಳ ಛಲೋ ದೇಶ ರಿ" ಎಂದೆ.

"ಅವರದ ಖರೇ ಅಲ್ರಿ?"

"ಹೂನ್ರಿ, ಲಗೂನ ಚುಚ್ರಿ."

ಅಡಿಗೆಮನೆಯಲ್ಲಿ ಪಾತ್ರೆಯೊಂದು ಠಣ್ಣೆಂದಿತು. "ಕೇಳಿಸ್ತ್ರಿ!" ಎಂದಳು ಸುನಂದಾ ಒಳಗಿನಿಂದ. ಸೊಂಟದ ಸ್ನಾಯು ಬಿಗಿಯಾಯಿತು. ವಿಮಲಕ್ಕನ ಹಗುರ ಕೈ ಕೂಡ ಅಂದು ನೋಯಿಸಿತು. ನನ್ನ ಬಿಗಿತದಿಂದಲೋ, ಅವರ ದೇಶಪ್ರೇಮದಿಂದಲೋ, ನಾನು ಇವತ್ತಿಗೂ ತೀರ್ಮಾನಿಸಿಲ್ಲ.

ಸಂಜೆ ಮಂಡಳದ ಸಭಾಭವನ ತುಂಬಿತ್ತು. ನನಗೆ ವೇದಿಕೆಯ ಮೇಲೆ ಒಬ್ಬನೇ ಕೂರುವ ಕುರ್ಚಿ. ಎದುರಿಗೆ ಇಡ್ಲಿ ಪಾತ್ರೆ. ಸುನಂದಾ ಮೊದಲು ಮಾತಾಡಿದಳು. ಮನೆಯಲ್ಲಿ ಆರು ದಿನ ಕೇಳಿದ ಮಾತುಗಳೇ. ಆದರೆ ಮೈಕಿನಲ್ಲಿ ಅವು ಬೇರೆಯೇ ಕೇಳಿಸಿದವು. ಬಾಗಿಲ ಮುಂದಿನ ಪೈಲ್ವಾನರ ಮಾತು ಬಂದಾಗ ಅರ್ಧ ಸಭೆ ಚಪ್ಪಾಳೆ ಹೊಡೆಯಿತು. ವಿಮಲಕ್ಕ ಎದ್ದು, "ನಾಕ ಮಂದಿ ಕೂಡಿ ಒಬ್ಬರ ಮನಿ ಹೊಕ್ಕು, ನಿಮ್ಮ ಬಾಗ್ಲಾ ನಮಗ ಚಂದ ಕಾಣವಲ್ದು ಅಂದ್ರ ನೀವು ಒಪ್ಪತೀರೇನು?" ಎಂದಾಗ ಉಳಿದರ್ಧ ಸಭೆ, ಮತ್ತು ಮೊದಲಿನ ಅರ್ಧದಲ್ಲೂ ಕೆಲವರು, ಚಪ್ಪಾಳೆ ಹೊಡೆದರು. ಚಪ್ಪಾಳೆ ಹೊಡೆಯುವವರಿಗೆ ಎರಡೂ ದೇಶಗಳು ಒಂದೇ ಎಂಬುದು ನನಗೆ ಸ್ವಲ್ಪ ಧೈರ್ಯ ತಂದಿತು.

ಆಮೇಲೆ ಸಭಿಕರ ಪ್ರಶ್ನೆಗಳು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು: "ಯುದ್ಧ ಮುಗಿದ್ರ ಸೂರ್ಯಕಾಂತಿ ಎಣ್ಣಿ ಅಗ್ಗ ಆಗತೈತೇನ್ರಿ?"

ಇದಕ್ಕೆ ಉತ್ತರ ಕೊಡುವ ಮೊದಲೇ ಇನ್ನೊಬ್ಬರು, "ಆ ಎಣ್ಣಿ ಯಾಕ ತಿಂತೀರಿ? ಶೇಂಗಾ ಎಣ್ಣಿ ತಿನ್ರಿ" ಎಂದರು. ಮೂರನೆಯವರು ಶೇಂಗಾ ಎಣ್ಣೆಯಿಂದ ತಮ್ಮ ಅತ್ತೆಗೆ ಏನಾಯಿತೆಂದು ವಿವರಿಸಿದರು. ಸುನಂದಾ ಮೈಕು ಹಿಡಿದು, "ಕುಸುಬಿ ಎಣ್ಣಿಗಿಂತ ಛಲೋ ಎಣ್ಣಿ ಇಲ್ಲ" ಎಂದಳು. ವಿಮಲಕ್ಕ ಅವಳ ಕೈಯಿಂದಲೇ ಮೈಕು ಇಸಿದುಕೊಂಡು, "ಸುನಂದಾ ಹೇಳೂದು ಖರೇ ಐತಿ. ನಾ ನರ್ಸ್ ಇದ್ದಾಕಿ ಹೇಳ್ತೇನಿ" ಎಂದರು. ಅಧ್ಯಕ್ಷರಾದ ಶಕುಂತಲಾ ಬಾಯಾರು ತಾವು ಇಪ್ಪತ್ತು ವರ್ಷಗಳಿಂದ ಸೂರ್ಯಕಾಂತಿಯನ್ನೇ ಬಳಸುತ್ತಿರುವುದಾಗಿ ತಿಳಿಸಿದರು. ದೊಡ್ಡ ದೇಶವೂ ಸಣ್ಣ ದೇಶವೂ ಭುಜಕ್ಕೆ ಭುಜ ಕೊಟ್ಟು ಅಧ್ಯಕ್ಷರ ಮೇಲೆ ಬಿದ್ದವು. ಇಪ್ಪತ್ತು ನಿಮಿಷ ಘೋರ ಎಣ್ಣೆಯುದ್ಧ ನಡೆಯಿತು. ತೀರ್ಪಿನ ವಿಷಯ ಎಲ್ಲರೂ ಮರೆತರೆಂದು ನಾನು ಮೆಲ್ಲಗೆ ಕುರ್ಚಿ ಹಿಂದೆ ಸರಿಸಿದೆ. ಕುರ್ಚಿ ಕಿರ್ರೆಂದಿತು. ಎಲ್ಲರೂ ನನ್ನತ್ತ ನೋಡಿದರು.

"ಹಾಂ, ತೀರ್ಪು!" ಎಂದರು ಬಾಯಾರು.

ನಾನು ಎದ್ದು ನಿಂತೆ. ಬಾಯಿಗೆ ಬಂದದ್ದು ಕಚೇರಿಯ ಭಾಷೆ. "ಸ್ಥಳ ಪರಿಶೀಲನೆ ಮಾಡದ ಗಡಿ ವಿಷಯದಾಗ ಏನೂ ಹೇಳಾಕ ಬರೂದಿಲ್ರಿ" ಎಂದೆ.

"ಹಂಗಾರ ಹೋಗಿ ಬರ್ರಿ, ನಾವು ಕಾಯ್ತೇವಿ" ಎಂದರು ಯಾರೋ. ಸಭೆ ನಕ್ಕಿತು. ಸುನಂದಾ ಮಾತ್ರ ನಗಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ವಿಮಲಕ್ಕನೂ ನೋಡುತ್ತಿದ್ದರು. ಮುಂದಿನ ರವಿವಾರಗಳೆಲ್ಲ ಸಾಲಾಗಿ ನನ್ನ ಕಣ್ಣ ಮುಂದೆ ಬಂದವು.

"ಇಬ್ಬರೂ ಸಮ ಸಮ" ಎಂದು ಕೂತುಬಿಟ್ಟೆ.

ಇಡ್ಲಿ ಪಾತ್ರೆಯನ್ನು ಎರಡು ಮಾಡಲು ಬರುವುದಿಲ್ಲವಾದ್ದರಿಂದ ಅದನ್ನು ಮಂಡಳದ ಕಪಾಟಿನಲ್ಲಿಡಲಾಯಿತು. ವಿಮಲಕ್ಕ ಇಳಿದು ಬಂದು ಸುನಂದಾಳ ಕೈ ಹಿಡಿದು, ನನಗೆ ಕೇಳುವಂತೆಯೇ, "ನಿಮ್ಮ ಮನಿಯವರು ಒಂದ ಮಾತು ನೆಟ್ಟಗ ಹೇಳಲಿಲ್ಲ ನೋಡವಾ" ಎಂದರು. "ಅವರು ಲಗ್ನದಾಗ ಒಪ್ಪಿಗಿ ಕೇಳಿದಾಗನೂ ಹಿಂಗ ಮಾಡಿದ್ರು" ಎಂದಳು ಸುನಂದಾ. ಇಬ್ಬರೂ ಗೇಟಿನವರೆಗೆ ಜೊತೆಯಾಗಿಯೇ ಹೋದರು.

ವಿಮಲಕ್ಕ ಕಿರಾಣಿ ಅಂಗಡಿಯ ಕಡೆ ತಿರುಗಿದ ಮೇಲೆ ನಾವಿಬ್ಬರೇ ಉಳಿದೆವು. ಬೈಗಳಿಗೆ ಸಿದ್ಧನಾಗಿಯೇ ನಡೆಯುತ್ತಿದ್ದೆ. ಸುನಂದಾ ಮೆಲ್ಲಗೆ ಹೇಳಿದಳು: "ನೀವು ನನ್ನನ್ನ ಸೋಲಿಸ್ತೀರಿ ಅಂತ ತಿಳಕೊಂಡಿದ್ನಿರಿ."

ನಾನು ನಿಂತೆ.

"ಒಂದು ಚೀಟಿ ಎತ್ತಿದ್ದಕ್ಕ ಆರು ದಿನದಾಗ ನಾನ ಬ್ಯಾರೇದಾಕಿ ಆಗಿಬಿಟ್ಟಿನಿ. ಹೇಳಿ ಹೇಳಿ ನನಗ ಖರೇ ಅನಸಾಕತ್ತು. ಮಕ್ಕಳ ಮಾತು ನೀವು ಎತ್ತಿದ ದಿನ ಪಲ್ಯಾ ಒಲಿ ಮ್ಯಾಲಿಂದ ಇಳಿಸೂದ ಮರತು ನಿಂತಿದ್ನಿ, ತಳಾ ಹತ್ತಿ ಹೋತು. ಇವತ್ತು ಯಾರರೆ ಒಬ್ಬರು ಎದ್ದು, ನೀ ಹೇಳಿದ್ದು ತಪ್ಪು ಅಂದಿದ್ರ ಸಮಾಧಾನ ಆಕ್ಕಿತ್ತು. ನೀವರೆ ಅಂತೀರಿ ಅಂತ ಕುಂತಿದ್ನಿ."

ನಾನು ಊಟವನ್ನೂ ಸೂಜಿಯನ್ನೂ ಲೆಕ್ಕಹಾಕುತ್ತಾ ಕುರ್ಚಿಯಲ್ಲಿ ಕೂತಿದ್ದಾಗ ಆಕೆ ಕಾಯುತ್ತಿದ್ದದ್ದು ಇದಕ್ಕೆ. ನನಗೆ ನಾಚಿಕೆಯಾಯಿತು. ಇನ್ನು ಇದನ್ನು ಒಳಗೇ ಇಟ್ಟುಕೊಳ್ಳಬಾರದೆಂದು ಗಟ್ಟಿ ಮನಸ್ಸು ಮಾಡಿ, ಗಂಟಲು ಸರಿಪಡಿಸಿಕೊಂಡು, "ಖರೇ ಹೇಳಬೇಕಂದ್ರ ಸುನಂದಾ, ನನಗೂ ವಿಮಲಕ್ಕನ ಮಾತ ಸರಿ ಅನಿಸಿತ್ತು" ಎಂದೆ.

ಆಕೆ ತಟ್ಟನೆ ತಿರುಗಿದಳು.

"ಅಂದ್ರ? ನಾ ಛಲೋ ಮಾತಾಡಲಿಲ್ಲ ಅಂತೀರೇನು?"

"ಇಲ್ಲಿಲ್ಲ! ನೀನೂ ಭಾಳ ಛಲೋ ಮಾತಾಡಿದಿ!"

"ಹಂಗಾರ ಪಾತ್ರಿ ನನಗ್ಯಾಕ ಕೊಡಲಿಲ್ಲ?"

ಚಪ್ಪಲಿಯ ಪಟ್ಟಿ ಬಿಚ್ಚಿದೆ ಎಂದು ನಾನು ಬೀದಿಯಲ್ಲೇ ಬಗ್ಗಿ ಕೂತೆ. ಪಟ್ಟಿ ಗಟ್ಟಿಯಾಗಿಯೇ ಇತ್ತು. ಅವಳು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಅದನ್ನು ಬಿಚ್ಚಿ ಕಟ್ಟುತ್ತಲೇ ಇದ್ದೆ.