ರಾಯಭಾರಿಗೆ ತಡಗುಣಿ ಪರೀಕ್ಷೆ

ಕೆಲವ್ರನ್ನ ಹೋದ್ ಹೋದ ಕಡೆ ನಾಯಿಗಳು ಅಟ್ಟಿಸ್ಕೊಂಡು ಬತ್ತವೆ. ನನ್ನ ಇಂಥ ಪ್ರಸಂಗಗಳು ಅಟ್ಟಿಸ್ಕೊಂಡು ಬತ್ತವೆ. ಹನಕೆರೆ ಸ್ಟೇಷನ್ ಬೆಂಚಿನ ಮೇಲೆ ನನ್ ಪಾಡಿಗೆ ನಾನು ಕುಂತಿದ್ರೂ ಬಂದು ಪಕ್ಕದಲ್ಲೇ ಕುಂತ್ಕತವೆ, ಏನ್ ಮಾಡಾಣ? ನಾನು ಇದ್ದದ್ದನ್ನ ಇದ್ದಂಗೇ ಹೇಳೋನು. ಸ್ವಲ್ಪ ಒಗ್ಗರಣೆ ಹಾಕ್ತೀನಿ, ಅಷ್ಟೇಯ. ನಮ್ಮನೆಯವಳು ಮಾತ್ರ, "ಇವ್ರು ಸಾರಿಗೆ ಒಗ್ಗರಣೆ ಹಾಕಲ್ಲ, ಬರೀ ಒಗ್ಗರಣೇಲೇ ಸಾರು ಮಾಡ್ತಾರೆ" ಅಂತಾಳೆ. ಅವಳ ಮಾತು ನಂಬಬೇಡಿ.

ನಾನು ಓದಿದ್ದು ಕೃಷಿ ಡಿಗ್ರಿ. ನೌಕರಿ ಮುಗಿಸಿ ಮನೇಲಿ ಕುಂತಿದ್ದೆ. ಹೋದ ವರ್ಷ ನಾನು ಓದಿದ ಯೂನಿವರ್ಸಿಟಿಯೋರು ಹಳೇ ವಿದ್ಯಾರ್ಥಿಗಳನ್ನೆಲ್ಲ ಕರೆಸಿ, "ನಿಮ್ ನಿಮ್ ಕಡೆ ನಮ್ಮಲ್ಲಿಗೆ ಅರ್ಜಿ ಹಾಕ್ಬೇಕು ಅಂತಿರೋ ಮಕ್ಳನ್ನ ಮಾತಾಡ್ಸಿ, ಧೈರ್ಯ ಹೇಳಿ" ಅಂದ್ರು. ಸಂಬಳ ಇಲ್ಲ. ಒಂದು ಹಸಿರು ಟೋಪಿ ಕೊಟ್ರು, ಕತ್ತಿಗೊಂದು ಬ್ಯಾಡ್ಜ್ ನೇತಾಕುದ್ರು. ಬ್ಯಾಡ್ಜ್ ಮೇಲೆ ದೊಡ್ಡ ಅಕ್ಷರದಲ್ಲಿ "ರಾಯಭಾರಿ" ಅಂತ. ನಾನು ಅದನ್ನ ಹಾಕ್ಕೊಂಡೇ ಮನೆಗೆ ಬಂದೆ. ನಮ್ಮನೆಯವಳು ಮೇಲಿಂದ ಕೆಳಗಂಟ ನೋಡಿ, "ಸಂಬಳ ಇಲ್ದೆ ಟೋಪಿ ಕೊಟ್ರಾ? ಅದನ್ನ ಕೊಟ್ರು ಅನ್ನಲ್ಲ ಕಣ್ರೀ, ಹಾಕುದ್ರು ಅಂತಾರೆ" ಅಂದ್ಲು.

ಹುಡುಗ ಏನ್ ಮಾಡ್ತವ್ನೆ?

ನಂಗೆ ಕೊಟ್ಟ ಲಿಸ್ಟಲ್ಲಿ ಮೊದಲ್ನೇ ಹೆಸರು ಆತಗೂರು ಕಡೆ ಒಂದು ಹುಡುಗೀದು. ಆಗ್ತಾನೇ ಪಿಯುಸಿ ಮುಗಿಸಿತ್ತು. ಅವ್ರಪ್ಪಂಗೆ ಫೋನ್ ಮಾಡ್ದೆ. ಅವರಿಗೆ ಸೋಮನಹಳ್ಳಿ ಹತ್ರ ಒಂದು ಫ್ಯಾಕ್ಟರೀಲಿ ಕೆಲ್ಸ. ಹಿಂದೆ ಮಿಷನ್ನು ಗಡಗಡಗಡ ಅಂತಿತ್ತು. "ನಿಮ್ ಮಗಳ ವಿಚಾರವಾಗಿ ಮಾತಾಡಕ್ಕೆ ರಾಯಭಾರಿ ಬತ್ತೀನಿ, ಭಾನುವಾರ ಮನೇಲಿರಿ" ಅಂತ ಗಂಟ್ಲು ಹರಿಯಂಗೆ ಕೂಗ್ದೆ. ಆ ಗಲಾಟೇಲಿ ಅವ್ರ ಕಿವಿಗೆ ಬಿದ್ದಿದ್ದು ಎರಡೇ ಮಾತು: ಮಗಳು, ರಾಯಭಾರ. ನಮ್ ಕಡೆ ಹೆಣ್ಣಿರೋ ಮನೆಗೆ ರಾಯಭಾರ ಬತ್ತದೆ ಅಂದ್ರೆ ಏನರ್ಥ ಅಂತ ಸಣ್ಣ ಮಕ್ಳಿಗೂ ಗೊತ್ತು. ಡಿಗ್ರಿ ಓದಿದ ನಂಗೆ ಮರ್ತೋಗಿತ್ತು.

ಭಾನುವಾರ ಹೋಗ್ತೀನಿ, ಬಾಗ್ಲಲ್ಲಿ ರಂಗೋಲಿ. ಒಳಗೆ ನಲವತ್ತು ಜನ ನೆಂಟ್ರು. (ನಾಕು ಅಂತ ಇಟ್ಕಳಿ, ನಮ್ಮನೆಯವಳು ಇದನ್ನ ಓದ್ತಾಳೆ.) ನಂಗೆ ಬೆಡ್‌ಶೀಟ್ ಹಾಸಿದ್ ಕುರ್ಚಿ, ಮುಂದೆ ಒಂದು ತಟ್ಟೇಲಿ ಉಪ್ಪಿಟ್ಟು, ಒಂದು ತಟ್ಟೇಲಿ ಕೇಸರಿಬಾತು. ಹುಡುಗಿ ಸೀರೆ ಉಟ್ಕೊಂಡು ಕಾಫಿ ತಂದ್ಕೊಡ್ತು, ಮುಖ ಮಾತ್ರ ಹರಳೆಣ್ಣೆ ಕುಡಿದಂಗಿತ್ತು. ಕೊಟ್ಬುಟ್ಟು ಒಳಿಕ್ಕೋಯ್ತು. ಯೂನಿವರ್ಸಿಟಿ ಅಂದ್ರೆ ಜನಕ್ಕೆ ಎಷ್ಟ್ ಮರ್ಯಾದೆ ಅಂತ ನಾನು ಉಬ್ಬೋಗಿದ್ದೆ. ಎದುರಿಗೆ ಅಜ್ಜಿ, ಹುಡುಗಿ ಅಪ್ಪನ ತಾಯಿ, ಎಲೆ ಅಡಕೆ ಚೀಲ ಬಿಚ್ಕೊಂಡು ಕುಂತಿದ್ರು.

"ವಯಸ್ಸೆಷ್ಟಪ್ಪಾ?" ಅಂದ್ರು.

ಯೂನಿವರ್ಸಿಟಿದು ಕೇಳ್ತಾವ್ರೆ ಅನ್ಕಂಡೆ. "ಅರವತ್ತು ದಾಟೈತೆ ಕಣವ್ವ."

ಅಜ್ಜಿ ಕೈಲಿದ್ದ ಎಲೆ ಹಂಗೇ ನಿಂತ್ಕತು. "ಅರವತ್ತಾ? ಜಮೀನೆಷ್ಟೈತೆ?"

"ನೂರಾರು ಎಕ್ರೆ. ಎಲ್ಲಾ ನೀರಾವರಿ."

ಅಜ್ಜಿ ಮತ್ತೆ ಎಲೆಗೆ ಸುಣ್ಣ ಸವರೋಕೆ ಶುರು ಮಾಡುದ್ರು. "ಊಂ. ಓಗ್ಲಿ ಬುಡು, ವಯಸ್ಸು ಯಾರಿಗ್ ಆಗಲ್ಲ. ಮನೇಲಿ ಎಷ್ಟ್ ಜನ?"

"ನಿಮ್ ಮೊಮ್ಮಗಳಂಗೆ ಹೆಣ್ಮಕ್ಳೇ ಮುನ್ನೂರು ಜನ ಅವ್ರೆ. ಎಲ್ರೂ ಒಂದೇ ಕಡೆ ಉಂಡು ಒಂದೇ ಕಡೆ ಮಲಗ್ತಾರೆ."

ಸುಣ್ಣದ ಡಬ್ಬಿ ಕೆಳಕ್ ಬಿತ್ತು. "ಅಷ್ಟೂ ಜನುನ್ನ ಅವನೊಬ್ನೇ ಸಾಕ್ತವ್ನಾ?"

"ಒಬ್ನೇ ಎಲ್ಲಿ ಸಾಕಾನು, ಸರ್ಕಾರ ಸಾಕ್ತದೆ. ನೀವೇನೂ ಯೋಚ್ನೆ ಮಾಡ್ಬೇಡಿ. ನಾಕ್ ವರ್ಸ ಇಟ್ಕತಾರೆ, ಆಮೇಲೆ ಕೈಗೊಂದು ಕಾಗ್ದ ಕೊಟ್ಟು ವಾಪಸ್ ಕಳಿಸ್ಬುಡ್ತಾರೆ!"

"ಪರಕೆ ತತ್ತಾರೋ ಮಗಾ!" ಅಂತ ಅಜ್ಜಿ ಎದ್ದೇ ಬುಟ್ರು. ನಾನು ಕುರ್ಚಿ ಸಮೇತ ಎದ್ದೆ. ಅಷ್ಟೊತ್ತಿಗೆ ಹುಡುಗಿ ಒಳಗಿಂದ ಓಡ್ಬಂತು, ನಗಾಡಿ ನಗಾಡಿ ಮಾತೇ ಬರ್ತಿಲ್ಲ. "ಅಜ್ಜೀ, ಅದು ಗಂಡಲ್ಲ ಕಣಜ್ಜಿ, ಕಾಲೇಜು! ನಾನೇ ಹೆಸರು ಕೊಟ್ಟಿದ್ದೆ!"

ಅಜ್ಜಿ ನಿಧಾನಕ್ಕೆ ಕುಂತ್ಕಂಡ್ರು. ನನ್ನ ನೋಡುದ್ರು, ತಟ್ಟೆಗಳನ್ನ ನೋಡುದ್ರು. "ಗಂಡೇ ಇಲ್ವಾ? ಹಂಗಾರೆ ಆ ಕೇಸ್ರಿಬಾತು ಒಳಿಕ್ ಮಡಗು ಮಗಾ. ಇವ್ನಿಗೆ ಉಪ್ಪಿಟ್ಟು ಸಾಕು."

ಮೊರದ ಪರೀಕ್ಷೆ

ಉಪ್ಪಿಟ್ಟು ತಿಂತಾ ವಿಷಯ ಹೇಳ್ದೆ. ಹುಡುಗಿ ಆಸೆ ಒಂದೇ, ಬೇಸಾಯಾನೇ ಓದ್ಬೇಕು. ಅವ್ರಪ್ಪನ್ನ ಕೇಳುದ್ರೆ, "ನಮ್ಮವ್ವ ಊಂ ಅಂದ್ರೆ ಊಂ, ಊಹೂಂ ಅಂದ್ರೆ ಊಹೂಂ ಸಾರ್" ಅಂತ ಗೋಡೆ ನೋಡ್ತು ಆಸಾಮಿ.

ಅವ್ವ ಊಹೂಂ ಅಂದ್ರು. "ಐವತ್ ವರ್ಸದಿಂದ ನಾಟಿ ಆಕ್ತಾ ಇವ್ನಿ. ಇವ್ಳು ನಡ್ಯಾಕ್ ಕಲ್ತಿದ್ದೇ ನಮ್ ಗದ್ದೆ ಬದೀನ್ ಮೇಲೆ. ನಂಗ್ ಗೊತ್ತಿಲ್ದಿರೋ ಬೇಸಾಯಾನ ಅಲ್ಲಿ ಏಳ್ಕೊಡೋರು ಯಾರ್ಲಾ? ನಿನ್ನಂತೋರಾ?"

"ಊಂ ಕಣವ್ವ, ನಮ್ಮಂತೋರೇ" ಅಂದೆ, ಟೋಪಿ ಸರಿ ಮಾಡ್ಕೊಂಡು.

"ಹಂಗಾರೆ ಇರು." ಒಳಿಕ್ಕೋಗಿ ಒಂದು ಮೊರ ತಂದು ನನ್ ಮುಂದೆ ಮಡಗುದ್ರು. ಮೊರದ ತುಂಬ ಚಿಟಿಕೆ ಚಿಟಿಕೆ ಕಾಳು, ಗುಡ್ಡೆ ಗುಡ್ಡೆ. "ಎಲ್ಲಾ ಸರ್ಯಾಗ್ ಏಳ್ಬುಡು, ಇವ್ಳನ್ನ ಕಳಿಸ್ತೀನಿ. ಒಂದ್ ತಪ್ಪುದ್ರೂ ಇಲ್ಲ."

ಅಜ್ಜಿ ಬೆನ್ನ ಹಿಂದೆ ನಿಂತ್ಕಂಡು ಹುಡುಗಿ ನಂಗೆ ಕೈ ಮುಗೀತಾ ಐತೆ. ನನ್ ಕನ್ನಡಕ ಮನೇಲೈತೆ. ಟೋಪಿಗೂ ಕನ್ನಡಕಕ್ಕೂ ಒಪ್ಪಲ್ಲ ಅಂತ ಬುಟ್ ಬಂದಿದ್ದೆ.

ರಾಗಿ, ಅವರೆ, ಹುರುಳಿ, ಹುಚ್ಚೆಳ್ಳು, ಟಕಟಕ ಅಂತ ಹೇಳ್ದೆ. ಐದನೇದಕ್ಕೆ "ಅಲಸಂದೆ" ಅಂದೆ.

"ಏನಂದೆ?"

"ಅಲಸಂದೆ."

"ತಡಗುಣಿ ಅನ್ನು."

"ಎಲ್ಡೂ ಒಂದೇ ಕಣವ್ವ. ಪುಸ್ತಕದಲ್ಲಿ ಅಲಸಂದೆ ಅಂತ ಬರೀತಾರೆ."

"ಬರ್ಕಳ್ಳಿ. ಬಿತ್ತೋಳು ನಾನು, ಎಸ್ರು ಇಕ್ಕೋಳೂ ನಾನೇಯ."

ಈ ಮಾತು ನೆನಪಿಟ್ಕಳಿ. ನಾನು ಇಟ್ಕಳ್ಲಿಲ್ಲ, ಅದಕ್ಕೇ ಆಮೇಲೆ ಫಜೀತಿ ಆಯ್ತು.

ಕೊನೇ ಗುಡ್ಡೆ. ಕರ್ರಗೆ, ಉದ್ದುದ್ದ, ಸಣ್ಣಸಣ್ಣದು. ಬೆರಳಲ್ಲಿ ಉರುಳಿಸ್ದೆ. ಮೂಗಿನ ಹತ್ರ ಹಿಡ್ದೆ. ನಾಲಿಗೆಗೆ ತಗುಲಿಸ್ಕಂಡೆ ಅಂತ ಊರಲ್ಲಿ ಹೇಳ್ತಾರೆ, ಅದು ಸುಳ್ಳು. ಏನೂ ಹೊಳೀಲಿಲ್ಲ. ಹುಡುಗಿ ಮುಖ ನೋಡುದ್ರೆ, ಬೇಡ ಬೇಡ ಅಂತ ಕಣ್ಣು ಬುಡ್ತಾ ಐತೆ. ಗೊತ್ತಿಲ್ಲ ಅನ್ನೋಕೆ ಬ್ಯಾಡ್ಜ್ ಬುಡ್ಲಿಲ್ಲ. ಗತ್ತಿನಿಂದ, "ಇದೊಂದು ಹೊಸ ತಳಿ ಕಣವ್ವ. ನಮ್ ಯೂನಿವರ್ಸಿಟೀಲೇ ಕಂಡುಹಿಡಿದಿದ್ದು. ನಿಮ್ಮೂರಿಗಿನ್ನೂ ಬಂದಿಲ್ಲ" ಅಂದೆ.

"ಬಂದೈತೆ ಕಣ್ಲಾ" ಅಂದ್ರು ಅಜ್ಜಿ, "ದಿನಾ ನಮ್ ಅಟ್ಟದ ಮೇಲೇ ಬೆಳೀತದೆ. ಇಲಿ ಇಕ್ಕೆ ಅದು!"

ನಾನು ಫೇಲು. ಹುಡುಗಿ ಮುಖ ಬಾಡೋಯ್ತು. ಇನ್ನೇನು ಎದ್ದು ಹೊರಡ್ಬೇಕು, ಅಜ್ಜಿ ನಗೋಕೆ ಶುರು ಮಾಡುದ್ರು. ನಗ್ತಾರೆ, ಕಣ್ ಒರಿಸ್ಕತಾರೆ, ಮೊರ ನೋಡ್ತಾರೆ, ಮತ್ತೆ ನಗ್ತಾರೆ. ಕೊನೆಗೆ ಸೆರಗಲ್ಲಿ ಮುಖ ಒರಿಸ್ಕೊಂಡು, "ಇಂತೋನೇ ಅಲ್ಲಿ ಪಾಸಾಗವ್ನೆ ಅಂದ್ಮೇಲೆ, ನನ್ ಮೊಮ್ಮಗಳು ಅಲ್ಲಿ ಮೇಡಮ್ಮೇ ಆಯ್ತಾಳೆ. ಅರ್ಜಿ ಆಕು ಮಗಾ!" ಅಂದ್ರು.

ಮಳವಳ್ಳೀಲಿ ಟವಲು

ಅರ್ಜಿ ತುಂಬಿಸೋಕೆ ಮಳವಳ್ಳೀಲಿ ಒಂದು ಹಾಲ್ ಇಸ್ಕಂಡಿದ್ವಿ. ಮುಂದ್ಗಡೆ ಮೈಕು, ಎದುರಿಗೆ ಕುರ್ಚಿಗಳು. ನಾನು ಮೈಕ್ ಹಿಡ್ಕಂಡು, "ರೈತರ ಮಕ್ಳಿಗೆ ಬೇರೆ ಕೋಟಾ ಐತೆ. ಅದಕ್ಕೊಂದು ಪ್ರಾಕ್ಟಿಕಲ್ ಪರೀಕ್ಷೆ. ಕಾಳು, ಗೊಬ್ಬರ, ನೇಗ್ಲು ನೊಗ ತೋರಿಸಿ ಏನು ಅಂತ ಕೇಳ್ತಾರೆ. ಸೀಟು ಕಮ್ಮಿ, ಜನ ಜಾಸ್ತಿ, ಆದಷ್ಟ್ ಬೇಗ ಸೀಟ್ ಹಿಡ್ಕಬೇಕು" ಅಂದೆ.

ಬಾಯ್ ಮುಚ್ಚಿಲ್ಲ, ಕಿಟಕಿ ಕಡೆಯಿಂದ ರೊಯ್ ಅಂತ ಒಂದು ಟವಲ್ ಬಂದು ಮುಂದಿನ ಕುರ್ಚಿ ಮೇಲೆ ಬಿತ್ತು. ಹಿಂದೇನೇ ಒಬ್ರು ಯಜಮಾನ್ರ ತಲೆ. "ಹಿಡ್ದೆ ಸಾರ್! ನಮ್ ಹುಡ್ಗಂಗೆ ಆ ಸೀಟ್ ಬರ್ಕಳಿ!" ಜೀವಮಾನ ಪೂರ್ತಿ ಬಸ್ ಸ್ಟ್ಯಾಂಡಲ್ಲಿ ಹಿಂಗೇ ಸೀಟ್ ಹಿಡಿದಿರೋ ಕೈ, ಅದ್ರ ತಪ್ಪೇನು?

ಅಷ್ಟೊತ್ತಿಗೆ ಮೊಮ್ಮಗಳ ಜೊತೆ ನಮ್ ಅಜ್ಜಿ ಬಾಗ್ಲಲ್ಲಿ ಬಂದ್ರು. ಟವಲ್ ಎತ್ತಿ ಪಕ್ಕಕ್ಕೆಸೆದು ಕುಂತೇ ಬುಟ್ರು.

"ಏ ಅಜ್ಜಿ, ಟವಲ್ ಆಕಿವ್ನಿ ಕಾಣಲ್ವಾ?"

"ಕಿಟಕೀಲ್ ಬಂದಿದ್ದು ಲೆಕ್ಕಕ್ಕಿಲ್ಲ ಕಣಪ್ಪ. ಬಾಗ್ಲಲ್ ಬಂದೋರ್ದೇ ಸೀಟು."

ಅವ್ರಿಬ್ರ ಕದನ ನಡೀತಿದ್ದಂಗೇ ಹುಡುಗಿ ಅರ್ಜಿ ಬರೀತಿತ್ತು. ಒಂದು ಕಡೆ, ಮನೇಲಿ ಬೇಸಾಯ ಮಾಡೋರು ಯಾರು ಅಂತಿತ್ತು. ಪಹಣಿ ಅಜ್ಜಿ ಹೆಸ್ರಲ್ಲೇ ಐತೆ. ಹುಡುಗಿ ಅಜ್ಜಿ ಹೆಸರು ಬರೆದು, ಪಕ್ಕದಲ್ಲಿ ಉದ್ಯೋಗ ಅನ್ನೋ ಕಡೆ "ರೈತರು" ಅಂತ ಬರೀತು. ಬರ್ದಿದ್ದನ್ನ ಜೋರಾಗಿ ಓದ್ತು.

ಅಜ್ಜಿ ಜಗಳ ನಿಲ್ಸುದ್ರು. "ಏನಂತ ಬರ್ದೆ?"

"ರೈತರು ಅಂತ."

"ರೇಷನ್ ಕಾರ್ಡಲ್ಲೆಲ್ಲಾ ಮನೆ ಕೆಲ್ಸ ಅಂತ ಅಲ್ವಾ ಬರ್ಯೋದು? ಇನ್ನೊಂದ್ಸಲ ಓದು."

ಹನ್ನೊಂದು ಸಲ ಓದಿಸುದ್ರು. ಹೋಗ್ಲಿ, ಮೂರು ಸಲ.

ಆಮೇಲೆ ಅಜ್ಜಿ ಸೆರಗು ಸರಿ ಮಾಡ್ಕಂಡು ಆ ಯಜಮಾನ್ರ ಕಡೆ ತಿರುಗುದ್ರು. "ಕೇಳ್ತಾ ಟವಲ್ಲಪ್ಪಾ? ರೈತ್ರು ಕುಂತವ್ರೆ. ಆ ಕಡೆ ಸರ್ಕ, ಗಾಳಿ ಬರ್ಲಿ."

ಉಸ್ಲಿ

ಪ್ರಾಕ್ಟಿಕಲ್ ಪರೀಕ್ಷೆ ದಿನ ಬೆಳಿಗ್ಗೆ ಅವ್ರು ಮದ್ದೂರಲ್ಲಿ ರೈಲು ಹತ್ತುದ್ರು, ನಾನು ಹನಕೆರೇಲಿ ಮೊದ್ಲೇ ಹತ್ತಿ ಟವಲ್ ಹಾಕಿ ಸೀಟ್ ಹಿಡಿದಿದ್ದೆ. ಅಜ್ಜಿ ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ. ಹುಡುಗಿ ದಾರಿ ಪೂರ್ತಿ ತುಟಿ ಆಡಿಸ್ಕೊಂಡು ಹೆಸರುಗಳನ್ನ ಜಪ ಮಾಡ್ತಿತ್ತು.

ಯೂನಿವರ್ಸಿಟೀಲಿ ಹುಡುಗಿ ಒಳಿಕ್ಕೋಯ್ತು, ನಾವು ಮರದಡಿ ಕುಂತ್ವಿ. ಮಧ್ಯಾಹ್ನ ಆಚೆಗೆ ಬಂದಾಗ ಕಣ್ಣು ಕೆಂಪಗೆ.

"ಎಲ್ಲಾ ಚೆನ್ನಾಗಾಯ್ತು ತಾತ. ಒಂದ್ ತಟ್ಟೆ ತೋರ್ಸಿ ಇದೇನಮ್ಮ ಅಂದ್ರು. ತಡಗುಣಿ ಅಂದ್ಬುಟ್ಟೆ. ಮೇಷ್ಟ್ರು ಧಾರವಾಡದ ಕಡೆಯೋರಂತೆ. ನನ್ನೇ ನೋಡ್ಕಂಡು ಹಿಂಗ್ ಹಿಂಗೆ ತಲೆ ಅಲ್ಲಾಡ್ಸುದ್ರು. ಹೋಯ್ತು ತಾತ, ಸೀಟು ಹೋಯ್ತು."

ಪುಸ್ತಕದಲ್ಲಿ ಅಲಸಂದೆ ಅಂತಾರೆ ಅಂತ ನಂಗೆ ಗೊತ್ತಿತ್ತು, ಇಲಿ ಹಿಕ್ಕೆ ಅವಮಾನದಲ್ಲಿ ಪರೀಕ್ಷೇಲಿ ಅದನ್ನೇ ಹೇಳ್ಬೇಕು ಅಂತ ಹುಡುಗಿಗೆ ಒತ್ತಿ ಹೇಳೋದ್ನೇ ಮರ್ತಿದ್ದೆ. "ಇರವ್ವ, ರಾಯಭಾರಿ ನಾನು, ಹೋಗಿ ಮಾತಾಡ್ತೀನಿ" ಅಂದೆ. ಟೋಪಿ ಸರಿ ಮಾಡ್ಕೊಂಡು ಅಲ್ಲೇ ಕುಂತಿದ್ದೆ.

ಅಜ್ಜಿ ಎದ್ದೋದ್ರು, ಹಿಂದೇನೇ ಹುಡುಗಿ. ಮೇಷ್ಟ್ರು ನಲ್ಲಿ ಹತ್ರ ಕೈ ತೊಳೀತಿದ್ರು.

"ಊಟ ಆಯ್ತಾ ಮೇಷ್ಟ್ರೇ?"

"ಇನ್ನಾ ಇಲ್ರೀ ಅಜ್ಜಿ."

"ಕೈ ಒಡ್ಡು." ಡಬ್ಬಿ ಬಿಚ್ಚಿ ಕೈ ತುಂಬ ಉಸ್ಲಿ ಹಾಕುದ್ರು. ಮೇಷ್ಟ್ರು ಬಾಯಿಗಿಟ್ಕಂಡು, "ಭಾಳ ಛಲೋ ಆಗೇದ್ರೀ! ಅಲಸಂದಿ ಉಸುಳಿ ಹೌದಲ್ರೀ?" ಅಂದ್ರು.

"ನೀನ್ ಅಲಸಂದಿ ಅಂತೀಯ, ನಾವ್ ತಡಗುಣಿ ಅಂತೀವಿ. ಎಸ್ರು ಬದ್ಲಾದ್ರೆ ರುಚಿ ಬದ್ಲಾಯ್ತಾ?"

"ಇಲ್ರೀ."

"ಮತ್ಯಾಕಪ್ಪ ನನ್ ಮೊಮ್ಮಗಳಿಗೆ ಅಂಗ್ ತಲೆ ಅಲ್ಲಾಡ್ಸಿ ಅಳಿಸ್ದೆ?"

ಮೇಷ್ಟ್ರು ನಕ್ರು ನೋಡಿ, ಉಸ್ಲಿ ನೆತ್ತಿಗೇರ್ತು. "ಅಯ್ಯ ನಮ್ಮವ್ವ! ಆಕಿ ಹೇಳಿದ್ದು ಬರೋಬ್ಬರಿ ಅದ. ನಾ ಈ ಕಡೆ ಬಂದು ಹತ್ತು ವರ್ಷ ಆತು, ತಡಗುಣಿ ನನಗ ಗೊತ್ತಿಲ್ಲೇನ್ರೀ? ಹಾಸ್ಟೆಲ್ ಮೆಸ್‌ನ್ಯಾಗ ವಾರಕ್ಕ ಮೂರ್ ದಿನ ಅದನ್ನ ಮಾಡಿ ಹಾಕ್ತಾರ. ಅದು ನೆನಪಾಗಿ ತಲಿ ಅಲ್ಲಾಡಿಸ್ದೆ!"

ಹುಡುಗಿ ಅಲ್ಲೇ ಅಜ್ಜೀನ ತಬ್ಕಂಬುಡ್ತು. ಅಜ್ಜಿ ಡಬ್ಬಿ ತಳ ನೋಡಿ, "ಅದ್ನ ಮೊದ್ಲೇ ಏಳ್ಬಾರ್ದಾ ಮೇಷ್ಟ್ರೇ? ಉಸ್ಲಿ ಉಳೀತಿತ್ತು" ಅಂದ್ರು.

ಟೋಪಿ

ಸೀಟು ಸಿಕ್ತು. ಹಾಸ್ಟೆಲಿಗೆ ಬುಟ್ ಬರೋ ದಿನ ಅಜ್ಜಿ ನನ್ ತಲೆ ಮೇಲಿಂದ ಟೋಪಿ ಕಿತ್ಕಂಡು, "ಇದು ನಿಂಗ್ಯಾಕ್ಲಾ, ಬಿಸ್ಲಲ್ಲಿ ಕೆಲ್ಸ ಮಾಡೋಳು ನಾನು" ಅಂತ ಹಾಕ್ಕಂಡ್ರು. ಈಗ ಆತಗೂರು ಹೋಬಳಿಗೆ ಅವ್ರೇ ರಾಯಭಾರಿ. ಗದ್ದೇಲಿ ಹಸಿರು ಟೋಪಿ ಕಂಡ್ರೆ ಪಿಯುಸಿ ಮಕ್ಳು ಅಲ್ಲಿಗೇ ಹೋಗ್ತವೆ. ಅದೇ ಮೊರ, ಅವೇ ಗುಡ್ಡೆಗಳು.

ಮೊನ್ನೆ ನಮ್ಮನೆ ಬಾಗ್ಲಿಗೆ ಒಂದು ಹೊಸ ಹುಡುಗಿ ಬಂತು. ಮುಖ ಸಪ್ಪಗಿತ್ತು.

"ತಾತ, ಟೋಪಿ ಅಜ್ಜಿ ಕಳಿಸ್ತು."

ನಂಗೆ ಒಳಗೊಳಗೇ ಖುಷಿ. "ಏನ್ ಕೇಳ್ಬೇಕಿತ್ತವ್ವ? ಸಿಲಬಸ್ಸಾ? ಕೋಟಾನಾ?"

"ಏನೂ ಕೇಳಾಂಗಿಲ್ವಂತೆ. ನಾನು ಮೊರದ ಪರೀಕ್ಷೇಲಿ ಫೇಲಾಗಿ ಅಳ್ತಿದ್ದೆ. ಅಜ್ಜಿ ಅಂದ್ರು, 'ಎದುರ್ಕಬೇಡ ಮಗಾ. ಅನಕೆರೇಲಿ ಒಬ್ಬ ಅವ್ನೆ, ಇಲಿ ಇಕ್ಕೇನ ಹೊಸ ತಳಿ ಅಂದೋನು. ಅವ್ನೇ ಡಿಗ್ರಿ ತಕಂಡವ್ನೆ. ಒಂದ್ಸಲ ಓಗಿ ಅವ್ನ ಮಕ ನೋಡ್ಕಂಡ್ ಬಾ, ಧೈರ್ಯ ಬತ್ತದೆ.'"

ಒಳಗಿಂದ ನಮ್ಮನೆಯವಳು ನಕ್ಕಿದ್ದು ರೈಲ್ವೆ ಗೇಟಿಗಂಟ ಕೇಳಿಸ್ತು. ಹುಡುಗಿ ಪಾಪ, ಹೇಳಿ ಕಳಿಸಿದಂಗೇ ನನ್ ಮುಖಾನ ಎರಡು ನಿಮಿಷ ದಿಟ್ಟಿಸ್ಕೊಂಡು ನೋಡ್ತು. ಕಣ್ ಒರಿಸ್ಕತು. ನಕ್ತು.

"ಬಂತು ತಾತ" ಅಂತು. "ಅರ್ಜಿ ಕೊಡಿ."